300 ಕಿಲೋಮೀಟರ್ ಹಿಮ ನಿನಗ್ಯಾಕೆ ಪುಟ್ಟಿ?

ಲುಬ್ಲಿಯಾನಾ
ನವೆಂಬರ್ ಮೊದಲ ವಾರ

ಚಿ. ಸೌ. ಪುಟ್ಟಿಗೆ ಚಿಕ್ಕಮ್ಮನ ಆಶೀರ್ವಾದಗಳು.

ಹಿಮದ ಮೇಲೆ ಸ್ಕೀ ಜಾರುವುದನ್ನು ಕಲಿಯಲು ಎಲ್ಲಿಗೆ ಹೋಗೋಣ ಅಂತ ಮ್ಯೂನಿಕ್‌ನಿಂದ ನೀನು ಕಳಿಸಿದ್ದನ್ನೆಲ್ಲ ನೋಡಿದೆ. ಆಸ್ಟ್ರಿಯಾದ ಆರ್ಲ್‌ಬರ್ಗ್ ಚೆನ್ನಾಗಿಯೇ ಇದೆ, ಇಲ್ಲ ಅನ್ನುವುದಿಲ್ಲ. 300 ಕಿಲೋಮೀಟರ್ ಇಳಿಜಾರು, 80ಕ್ಕೂ ಹೆಚ್ಚು ಲಿಫ್ಟು. ಆದರೆ ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನಿಮ್ಮ ಮೂವರಲ್ಲಿ ಒಬ್ಬರೂ ಇದುವರೆಗೆ ಕಾಲಿಗೆ ಸ್ಕೀ ಹಾಕಿಲ್ಲ. ಮೊದಲ ಮೂರು ದಿನ ನೀವು ಬೀಳುವುದು, ಏಳುವುದು ಎಲ್ಲಾ ಒಂದು ಸಣ್ಣ ಬಯಲಿನಲ್ಲಿ. ಮಿಕ್ಕ 299 ಕಿಲೋಮೀಟರಿಗೆ ಸುಮ್ನೆ ಯಾಕೆ ದುಡ್ಡು ಕೊಡುತ್ತೀಯ? ಅಲ್ಲಿ ದೊಡ್ಡವರ ಒಂದು ದಿನದ ಲಿಫ್ಟ್ ಪಾಸ್ 75 ಯೂರೋ ದಾಟುತ್ತದೆ. ನಾನಿರುವ ಸ್ಲೊವೇನಿಯಾದಲ್ಲಿ ಒಳ್ಳೆಯ ಜಾಗಗಳಲ್ಲೂ 40ರಿಂದ 50ರ ಆಸುಪಾಸು. ಆರ್ಲ್‌ಬರ್ಗ್‌ನಲ್ಲೂ ಕಲಿಯುವವರಿಗೆ ಚಿಕ್ಕ ಟಿಕೆಟ್ ಇರುತ್ತದಲ್ಲ ಅನ್ನಬಹುದು. ಇರಬಹುದು. ಆದರೆ ರೂಮು, ಊಟ, ಕ್ಲಾಸು ಎಲ್ಲವೂ ದೊಡ್ಡ ಊರಿನ ರೇಟಿನಲ್ಲೇ ಇರುತ್ತವೆ. ಪಾಸಿನ ಬೆಲೆಯೊಂದನ್ನೇ ನೋಡಿ ಲೆಕ್ಕ ಹಾಕಬೇಡ.

ಅಗ್ಗ ಅಂದರೆ ಕಳಪೆ ಅಂತ ಅಳಿಯಂದಿರು ಅಂದುಕೊಂಡಿದ್ದರೆ ಅವರಿಗೆ ಇದನ್ನು ಹೇಳು. ಈ ದೇಶ ಕರ್ನಾಟಕದ ಹತ್ತನೇ ಒಂದು ಭಾಗಕ್ಕಿಂತ ತುಸು ದೊಡ್ಡದು, ಜನ ಸುಮಾರು 21 ಲಕ್ಷ. ಆದರೆ ಇಲ್ಲಿನ ಬ್ಲೋಕೆ ಪ್ರಸ್ಥಭೂಮಿಯ ರೈತರು ಮರದ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುತ್ತಿದ್ದದ್ದನ್ನು ವಾಲ್ವಸೋರ್ ಎಂಬ ವಿದ್ವಾಂಸ 1689ರಲ್ಲೇ ಬರೆದಿಟ್ಟಿದ್ದಾನೆ. ಮ್ಯೂನಿಕ್ ಅಂಗಡಿಗಳಲ್ಲಿ ನೀನು ನೋಡುವ ಎಲಾನ್ ಸ್ಕೀಗಳು ಬ್ಲೆಡ್ ಹತ್ತಿರದ ಬೇಗುನ್ಯೆ ಎಂಬ ಹಳ್ಳಿಯವು. ಟೀನಾ ಮಾಜೆ ಇಲ್ಲಿಯ ಹುಡುಗಿ. 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ ಗೆದ್ದವಳು. 2000ದಲ್ಲಿ ಎವರೆಸ್ಟ್ ತುದಿಯಿಂದ ಬೇಸ್ ಕ್ಯಾಂಪ್‌ವರೆಗೂ ಸ್ಕೀ ಮೇಲೇ ಇಳಿದ ದಾವೊ ಕಾರ್ನಿಚಾರ್ ಕೂಡ ಇಲ್ಲಿಯವರೇ. ಇಂಥ ಊರಲ್ಲಿ ಕಲಿಸುವವರಿಗೇನು ಬರಗಾಲವಿಲ್ಲ.

ಈಗ ಜಾಗದ ವಿಷಯ. ಕಡಿಮೆ ಖರ್ಚಿನ ಜಾಗ ಹುಡುಕುವಾಗ ಎಲ್ಲರೂ ರೇಟು ಮೊದಲು ನೋಡುತ್ತಾರೆ. ನೀನು ಎತ್ತರ ಮೊದಲು ನೋಡು. ಇಲ್ಲಿನ ಬೆಟ್ಟಗಳು ಆಸ್ಟ್ರಿಯಾದಷ್ಟು ಎತ್ತರ ಇಲ್ಲ. ಹಿಮ ಇಲ್ಲದಿದ್ದರೆ ಎಷ್ಟು ಅಗ್ಗವಾದರೂ ಅದು ದಂಡವೇ. ಮಾರಿಬೋರ್ ಊರಿನ ಬೆಟ್ಟ ಇದೆಯಲ್ಲ, ಪೊಹೋರ್ಯೆ, ಅದರ ಬುಡ ಬರೀ 325 ಮೀಟರ್ ಎತ್ತರದಲ್ಲಿದೆ. ಸಿಟಿ ಬಸ್ ಇಳಿದು ಸ್ಕೀ ಹಾಕಿಕೊಳ್ಳಬಹುದು. ಕೇಳಲು ಎಷ್ಟು ಚೆಂದ! 1964ರಿಂದ ಅಲ್ಲಿ ಹೆಂಗಸರ ದೊಡ್ಡ ರೇಸು ನಡೆಯುತ್ತಾ ಬಂತು. ಈಚಿನ ವರ್ಷಗಳಲ್ಲಿ ಹಿಮ ಸಾಲದೆ ಆ ರೇಸನ್ನು ಹಲವು ಸಲ ಕ್ರಾನ್ಸ್ಕಾ ಗೋರಾಕ್ಕೆ ಎತ್ತಿಕೊಂಡು ಹೋದರು. ರೇಸು ನಡೆಸುವವರಿಗೇ ಹಿಮ ಸಿಗದಿದ್ದರೆ, ಮೂರು ತಿಂಗಳು ಮೊದಲೇ ದುಡ್ಡು ಕಟ್ಟಿ ರೂಮು ಹಿಡಿದವರ ಗತಿ ಏನು? ಗಡಿಯಾಚೆ ಆಸ್ಟ್ರಿಯಾದ ಗ್ರಾತ್ಸ್‌ನಲ್ಲಿರುವವರಿಗೆ ಅದು ಸರಿ. ಹಿಮ ಬಿದ್ದ ದಿನ ಒಂದು ಗಂಟೆಯಲ್ಲಿ ಬಂದುಬಿಡುತ್ತಾರೆ. ನಿನಗಲ್ಲ.

ನನ್ನ ಮನಸ್ಸಿಗೆ ಬಂದದ್ದು ಕ್ರಾನ್ಸ್ಕಾ ಗೋರಾ. ಅದೂ ತೀರಾ ಎತ್ತರವೇನಲ್ಲ. ಊರು ಸುಮಾರು 800 ಮೀಟರಿನಲ್ಲಿದೆ, ಇಳಿಜಾರುಗಳ ತುದಿ 1,200ರ ಹತ್ತಿರ. ಆದರೆ ಬೆಟ್ಟದ ಮುಖ ಉತ್ತರಕ್ಕೆ. ಚಳಿಗಾಲದಲ್ಲಿ ಬಿಸಿಲು ಅಷ್ಟಾಗಿ ತಾಗುವುದಿಲ್ಲ, ಕಣಿವೆಯಲ್ಲಿ ಚಳಿ ಗಟ್ಟಿಯಾಗಿ ಕೂರುತ್ತದೆ, ಯಂತ್ರಗಳಲ್ಲಿ ಮಾಡಿದ ಹಿಮ ಅಲ್ಲಿ ನಿಲ್ಲುತ್ತದೆ. ಆ ಯಂತ್ರಗಳಿಗೂ ಸೊನ್ನೆಗಿಂತ ಕೆಳಗಿನ ಒಣ ಚಳಿ ಬೇಕು. ಬೆಚ್ಚಗಿನ ಡಿಸೆಂಬರ್ ಬಂದರೆ ಅವೂ ಏನೂ ಮಾಡಲಾರವು. ಅದಕ್ಕೇ ಕ್ರಿಸ್ಮಸ್ ಹೊತ್ತಿಗೆ ಬರಬೇಡ ಅನ್ನುವುದು.

ಈ ಊರನ್ನು ನಾನು ಆರಿಸಿದ ನಿಜವಾದ ಕಾರಣ ಬೇರೆ. ಕಲಿಯುವವರ ಇಳಿಜಾರು ಊರಿನ ಅಂಚಿನಲ್ಲೇ, ರಸ್ತೆಯ ಪಕ್ಕದಲ್ಲೇ ಇದೆ. ಮೇಲೆ ಹೋಗಲು ಕೇಬಲ್ ಕಾರು ಹತ್ತಬೇಕಾಗಿಲ್ಲ. ಐದು ವರ್ಷದ ಮಗು ಹನ್ನೊಂದು ಗಂಟೆಗೆ "ಅಮ್ಮಾ, ಸಾಕು, ಚಳಿ" ಅಂತ ಅಳಲು ಶುರುಮಾಡಿದರೆ ಹತ್ತು ನಿಮಿಷದಲ್ಲಿ ರೂಮಿನಲ್ಲಿರುತ್ತೀಯ. ಅಳಿಯಂದಿರು ಅಲ್ಲೇ ಕಲಿಯುತ್ತಿರಲಿ. ಬೇರೆ ಕಡೆ ಆಗಿದ್ದರೆ ಮೂವರ ದಿನವೂ ಹಾಳು, ಮೂರು ಪಾಸಿನ ದುಡ್ಡೂ ಹಾಳು. ಚಿಕ್ಕ ಮಕ್ಕಳಿರುವ ಮನೆಗೆ ಉಳಿತಾಯ ಅಂದರೆ ಇದೇ ನೋಡು.

ನಮ್ಮ ಮನೆಯಲ್ಲೇ ಇದ್ದು ದಿನಾ ಹೋಗಿಬರಬಾರದೇ ಅಂತ ನಿಮ್ಮಮ್ಮ ಫೋನಿನಲ್ಲಿ ಕೇಳಿದಳು. ಬರಬಹುದು, ನನಗೂ ಖುಷಿಯೇ. ಲುಬ್ಲಿಯಾನಾದಿಂದ ಕ್ರ್‌ವಾವೆತ್ಸ್ ಬರೀ 25 ಕಿಲೋಮೀಟರ್, ವಿಮಾನ ನಿಲ್ದಾಣದ ಹಿಂದೆಯೇ. ತುದಿ 1,971 ಮೀಟರ್, ಹಾಗಾಗಿ ಹಿಮದ ನಂಬಿಕೆ ಜಾಸ್ತಿ. ಚಳಿಗಾಲದಲ್ಲಿ ನಮ್ಮೂರು ವಾರಗಟ್ಟಲೆ ಮಂಜಿನಲ್ಲಿ ಮುಳುಗಿ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಗೊಂಡೊಲಾ ಎಂಬ ಕೇಬಲ್ ಕಾರಿನಲ್ಲಿ ಮೇಲೆ ಹೋದರೆ ಒಮ್ಮೆಲೇ ಬಿಸಿಲು, ಕೆಳಗೆ ಮೋಡದ ಹಾಸು. ಆದರೆ ಶನಿವಾರ, ಭಾನುವಾರ ಇಡೀ ಲುಬ್ಲಿಯಾನಾ ಅಲ್ಲೇ ಇರುತ್ತದೆ. ಪಾರ್ಕಿಂಗ್‌ಗೆ ಕ್ಯೂ, ಗೊಂಡೊಲಾಕ್ಕೆ ಕ್ಯೂ. ಮಗುವಿಗೆ ಸಾಕಾದರೆ ಮತ್ತೆ ಗೊಂಡೊಲಾದಲ್ಲೇ ಇಳಿಸಬೇಕು. ಎರಡನೇ ವರ್ಷ ಬಾ ಅಲ್ಲಿಗೆ, ಒಂದು ವಾರದ ನಡುವಿನ ದಿನ.

ವೋಗೆಲ್ ಬಗ್ಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಬೋಹಿನ್ ಸರೋವರದ ತುದಿಯಿಂದ ಕೇಬಲ್ ಕಾರು ಸುಮಾರು ಸಾವಿರ ಮೀಟರ್ ನೆಟ್ಟಗೆ ಮೇಲೆತ್ತಿ 1,535 ಮೀಟರಿನಲ್ಲಿ ಇಳಿಸುತ್ತದೆ. ಎದುರಿಗೆ ತ್ರಿಗ್ಲಾವ್, 2,864 ಮೀಟರ್, ಈ ದೇಶದ ಬಾವುಟದ ಮೇಲಿರುವ ಬೆಟ್ಟ. ಆ ಇಳಿಜಾರುಗಳಲ್ಲಿ ಬರೀ ಆಕಾಶದಿಂದ ಬಿದ್ದ ಹಿಮ, ಯಂತ್ರದ್ದಲ್ಲ. ಒಳ್ಳೆಯ ವರ್ಷವಾದರೆ ಮಾರ್ಚ್‌ನಲ್ಲೂ ಅಲ್ಲಿ ಹಿಮ ರಾಶಿ. ಕೆಟ್ಟ ವರ್ಷವಾದರೆ ಜನವರಿಯಲ್ಲೂ ಬಂಡೆ ಕಾಣುತ್ತದೆ. ಗಾಳಿ ಜೋರಾದರೆ ಕೇಬಲ್ ಕಾರು ನಿಲ್ಲಿಸುತ್ತಾರೆ. ಹಾಗಾಗಿ ಅದನ್ನು ನಂಬಿಕೊಂಡು ಇಡೀ ವಾರ ಕಟ್ಟಬೇಡ. ಆಕಾಶ ತಿಳಿಯಾಗಿರುವ ಒಂದು ದಿನ, ಸ್ಕೀ ಇಲ್ಲದೆ, ಬರೀ ಕೇಬಲ್ ಕಾರಿನ ಟಿಕೆಟ್ ತೆಗೆದುಕೊಂಡು ಮಗುವನ್ನು ಕರೆದುಕೊಂಡು ಹೋಗು. ನಾನೂ ಬರುತ್ತೇನೆ.

ಮಿಕ್ಕವು ಬೇಗ ಹೇಳಿಬಿಡುತ್ತೇನೆ. ರೋಗ್ಲಾ 1,500 ಮೀಟರ್ ಎತ್ತರದ ದುಂಡನೆಯ ಕಾಡು ಬೆಟ್ಟ, ಮಕ್ಕಳಿಗೆ ತುಂಬಾ ಒಳ್ಳೆಯದು, ಕೆಳಗೆ ಜ್ರೇಚೆಯಲ್ಲಿ ಬಿಸಿನೀರಿನ ಸ್ನಾನದ ಕೊಳಗಳು. ಆದರೆ ಮ್ಯೂನಿಕ್‌ನಿಂದ ದೂರ. ಸೊರಿಷ್ಕಾ ಪ್ಲಾನಿನಾ ಪುಟ್ಟದು, ಇನ್ನೂ ಅಗ್ಗ, ಇಲ್ಲಿನ ಸಂಸಾರಸ್ಥರು ಹೋಗುವ ಜಾಗ. ತ್ಸೆರ್ಕ್ನೊ ಅಚ್ಚುಕಟ್ಟು, ಆದರೆ ದಾರಿ ಬರೀ ತಿರುವು. ಕಾನಿನ್ ಎಲ್ಲಕ್ಕಿಂತ ಎತ್ತರ, ಕಲ್ಲು ಬೆಟ್ಟ, ಹೊಸಬರಿಗೆ ಬೇಡವೇ ಬೇಡ.

ಯಾವಾಗ ಬರಬೇಕು ಅನ್ನುವುದರಲ್ಲಿ ನಿನಗೊಂದು ಅದೃಷ್ಟವಿದೆ. ಮಗು ಇನ್ನೂ ಕಿಂಡರ್‌ಗಾರ್ಟನ್. ಶಾಲೆಯ ರಜೆಗೆ ಕಾಯಬೇಕಾಗಿಲ್ಲ. ಒಂದನೇ ಕ್ಲಾಸಿಗೆ ಸೇರಿದ ಮೇಲೆ ಈ ಭಾಗ್ಯ ಇಲ್ಲ. ಜನವರಿ 6ರ ಹಬ್ಬ ಮುಗಿಯಲಿ. ಅಲ್ಲಿಂದ ತಿಂಗಳ ಕೊನೆಯವರೆಗೆ ರೂಮಿನ ಬೆಲೆ ಇಳಿಯುತ್ತದೆ, ಚಳಿಯೂ ಗಟ್ಟಿ, ಜನವೂ ಕಡಿಮೆ. ಫೆಬ್ರವರಿ ಬೇಡ. ಸ್ಲೊವೇನಿಯಾದ ಮಕ್ಕಳಿಗೆ ಚಳಿಗಾಲದ ರಜೆ ಆಗಲೇ, ಪಕ್ಕದ ಕ್ರೊಯೇಷಿಯಾದವರೂ ಬಂದು ತುಂಬಿಕೊಳ್ಳುತ್ತಾರೆ. ಭಾನುವಾರ ಸಂಜೆ ಬಂದು ಶುಕ್ರವಾರ ಹೊರಡುವ ಹಾಗೆ ನೋಡು. ವಾರಾಂತ್ಯದ ಗದ್ದಲ ತಪ್ಪುತ್ತದೆ.

ಕಾರಿನಲ್ಲಿ ಬರುವುದಾದರೆ ಸಾಲ್ಸ್‌ಬರ್ಗ್, ವಿಲಾಖ್ ದಾರಿ. ವಿಲಾಖ್‌ನಿಂದ ನಕ್ಷೆ ನಿನಗೆ ವುರ್ತ್ಸೆನ್ ಘಾಟಿ ತೋರಿಸುತ್ತದೆ, ಹತ್ತಿರ ಅಂತ. ಆ ಏರು ವಿಪರೀತ ಕಡಿದು, ಹಿಮದಲ್ಲಿ ಬೇಡ. ಇಟಲಿಯ ತರ್ವಿಸಿಯೋ ಮೇಲೆ ಸುತ್ತಿ ರಾತೆಚೆ ಕಡೆಯಿಂದ ಬಾ. ಆ ದಾರಿ ಸಲೀಸು. ಸ್ಲೊವೇನಿಯಾದ ಹೆದ್ದಾರಿಯೇ ಸಿಗುವುದಿಲ್ಲವಾದ್ದರಿಂದ ಇಲ್ಲಿನ ವಿನ್ಯೆಟ್, ಅಂದರೆ ಹೆದ್ದಾರಿ ಶುಲ್ಕದ ಚೀಟಿಯ ಖರ್ಚೂ ಉಳಿಯುತ್ತದೆ. ಆಸ್ಟ್ರಿಯಾದ್ದು ಮಾತ್ರ ಬೇಕೇ ಬೇಕು, ಟೌಎರ್ನ್ ಸುರಂಗಕ್ಕೆ ಬೇರೆ ಟೋಲ್ ಇದೆ. ನವೆಂಬರ್ 15ರಿಂದ ಮಾರ್ಚ್ 15ರವರೆಗೆ ಇಲ್ಲಿ ಚಳಿಗಾಲದ ಟೈರ್ ಇಲ್ಲವೇ ಹಿಮದ ಸರಪಳಿ ಕಡ್ಡಾಯ. ಮೂರು ಗಡಿ ದಾಟುತ್ತೀರಿ, ತಪಾಸಣೆ ಈಗೀಗ ಜಾಸ್ತಿ. ಮೂವರ ಪಾಸ್‌ಪೋರ್ಟು, ಜರ್ಮನಿಯ ರೆಸಿಡೆನ್ಸ್ ಕಾರ್ಡು ಎರಡೂ ಕೈಚೀಲದಲ್ಲಿರಲಿ. ರೈಲಾದರೆ ಯೆಸೆನಿತ್ಸೆಯಲ್ಲಿ ಇಳಿದು ಬಸ್ಸು. ಕ್ರಾನ್ಸ್ಕಾ ಗೋರಾಕ್ಕೆ 1966ರಿಂದ ರೈಲಿಲ್ಲ.

ಹೋಟೆಲ್ ಬದಲು ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿ. ಬೆಟ್ಟದ ಮೇಲಿನ ಊಟ ನಮ್ಮಂಥ ಸಸ್ಯಾಹಾರಿಗಳಿಗೆ ಕಷ್ಟವೇ. ಯೋತಾ ಎಂಬ ಹುಳಿ ಎಲೆಕೋಸಿನ ಸಾರು ನೋಡಲು ಸಪ್ಪಗೆ ಸಾತ್ವಿಕವಾಗಿರುತ್ತದೆ, ಒಳಗೆ ಹೊಗೆ ಹಾಕಿದ ಹಂದಿ ಮಾಂಸ ಇರುವುದು ಜಾಸ್ತಿ. "ಬ್ರೆಜ್ ಮೇಸಾ" ಅಂತ ಕೇಳು, ಮಾಂಸ ಬೇಡ ಅಂತ. ಷ್ಟ್ರುಕ್ಲಿ ಧೈರ್ಯವಾಗಿ ತಿನ್ನಬಹುದು, ಚೀಸಿನ ಹೂರಣ ತುಂಬಿ ಬೇಯಿಸಿದ ಹಿಟ್ಟಿನ ಸುರುಳಿ. ಅಳಿಯಂದಿರಿಗೆ ಆಯ್ದೋವಿ ಜ್ಗಾಂತ್ಸಿ ಹಿಡಿಸಬಹುದು. ಅದು ಬಕ್‌ವೀಟ್ ಎಂಬ ಧಾನ್ಯದ ಹಿಟ್ಟಿನದು. ರಾಗಿ ಮುದ್ದೆಯನ್ನು ಫೋರ್ಕಿನಲ್ಲಿ ಪುಡಿ ಮಾಡಿಟ್ಟ ಹಾಗೆ ಇರುತ್ತದೆ. ಮೇಲೆ ಹಂದಿ ಕೊಬ್ಬಿನ ಚೂರು ಹಾಕುತ್ತಾರೆ, ಬೇಡ ಅಂತ ಮೊದಲೇ ಹೇಳಬೇಕು. ಇದಲ್ಲದೆ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ತಂದುಕೋ. ಅನ್ನ ಮಾಡಿಕೊಂಡರೆ ರಾತ್ರಿ ಊಟ ಮುಗಿಯಿತು.

ಸ್ಕೀ, ಬೂಟು, ಹೆಲ್ಮೆಟ್ ಕೊಳ್ಳಬೇಡ. ಎಲ್ಲಾ ಬಾಡಿಗೆಗೆ ಸಿಗುತ್ತವೆ. ಮಕ್ಕಳಿಗೆ ಹೆಲ್ಮೆಟ್ ಇಲ್ಲಿ ಕಾನೂನು, ನೀವೂ ಹಾಕಿಕೊಳ್ಳಿ. ಬೂಟಿಗೆ ಒಂದೇ ಜೊತೆ ತೆಳ್ಳನೆಯ ಉದ್ದ ಸಾಕ್ಸ್. ಚಳಿಯಾಗುತ್ತದೆ ಅಂತ ಎರಡು ಹಾಕಿದರೆ ರಕ್ತ ಓಡಾಡದೆ ಇನ್ನೂ ಚಳಿ. ಜೀನ್ಸ್ ಬೇಡ, ಒದ್ದೆಯಾದರೆ ಮುಗಿಯಿತು. ದುಡ್ಡು ಖರ್ಚು ಮಾಡಲೇಬೇಕಾದ ಒಂದೇ ಜಾಗ ಕ್ಲಾಸು. ಅದರಲ್ಲಿ ಜಿಪುಣತನ ಬೇಡ. ಮಗುವಿಗೆ ಗುಂಪಿನ ಕ್ಲಾಸು, ನಿಮ್ಮಿಬ್ಬರಿಗೂ ಸೇರಿ ಒಬ್ಬರು ಕಲಿಸುವವರು, ಮೊದಲ ಎರಡು ದಿನ. ಯೂಟ್ಯೂಬ್ ನೋಡಿ ಕಲಿತೆ ಅಂತ ಅಳಿಯಂದಿರು ಹೇಳಿದರೆ ನಂಬಬೇಡ. ಆ ಎರಡು ದಿನ ಇಡೀ ಬೆಟ್ಟದ ಪಾಸ್ ತೆಗೆಯಬೇಡ. ಕಲಿಯುವ ಜಾಗಕ್ಕೆ ಎಷ್ಟು ಬೇಕೋ ಅಷ್ಟು, ಇಲ್ಲವೇ ಕೆಲವು ಗಂಟೆಗಳ ಟಿಕೆಟ್ ಕೇಳು. ನಾಲ್ಕು ಗಂಟೆಗಿಂತ ಹೆಚ್ಚು ನಿನ್ನ ತೊಡೆ ತಡೆಯುವುದಿಲ್ಲ. ಆಮೇಲೆ ನೀಲಿ ಗುರುತಿನ ಸುಲಭದ ಇಳಿಜಾರು ಮಾತ್ರ. ಕೆಂಪು, ಕಪ್ಪು ಕಡೆ ತಲೆ ಹಾಕಬೇಡಿ. ಪೊದ್ಕೊರೆನ್ ಕಡೆಯ ಕಡಿದಾದ ಇಳಿಜಾರು ವಿಶ್ವಕಪ್ ಓಟಗಾರರದ್ದು, ಕೆಳಗೆ ನಿಂತು ನೋಡಿ ಬನ್ನಿ, ಸಾಕು. ನಿನ್ನ ಕೆಳಗೆ ಇರುವವರಿಗೆ ಮೊದಲ ಹಕ್ಕು, ಮೇಲಿನಿಂದ ಬರುವವರೇ ತಪ್ಪಿಸಿಕೊಂಡು ಹೋಗಬೇಕು. ನಿಲ್ಲುವುದಾದರೆ ಅಂಚಿಗೆ ಸರಿದು ನಿಲ್ಲು.

ವಿಮೆ ನೋಡಿಕೊಂಡಿದ್ದೀಯಾ? ಸಾಮಾನ್ಯ ಪ್ರಯಾಣ ವಿಮೆಯಲ್ಲಿ ಸ್ಕೀ ಸೇರಿರುವುದಿಲ್ಲ ಎಷ್ಟೋ ಸಲ, ಸಣ್ಣ ಅಕ್ಷರ ಓದು. ಜರ್ಮನ್ ಆಲ್ಪೈನ್ ಕ್ಲಬ್‌ನ ಸದಸ್ಯತ್ವದಲ್ಲಿ ಬೆಟ್ಟದಿಂದ ಎತ್ತಿ ತರುವ ಖರ್ಚಿಗೆ ವಿಮೆ ಇರುತ್ತದೆ. ಇನ್ನೊಬ್ಬರಿಗೆ ಗುದ್ದಿದರೆ ಕೊಡಬೇಕಾದ ಪರಿಹಾರಕ್ಕೂ ವಿಮೆ ಇರಲಿ. ತರ್ವಿಸಿಯೋದಲ್ಲಿ ಒಂದು ದಿನ ಆಡೋಣ ಅಂತ ಮನಸ್ಸಾದರೆ ಅದಿಲ್ಲದೆ ಆಗುವುದಿಲ್ಲ, ಇಟಲಿಯಲ್ಲಿ 2022ರಿಂದ ಕಡ್ಡಾಯ.

ಹಿಮ ಸರಿಯಿಲ್ಲದ ದಿನ ರೂಮಿನಲ್ಲಿ ಕೂರಬೇಡಿ. ಪಕ್ಕದಲ್ಲೇ ಪ್ಲಾನಿತ್ಸಾ. ಜಗತ್ತಿನಲ್ಲಿ ಮೊದಲ ಸಲ ಸ್ಕೀ ಮೇಲೆ ನೂರು ಮೀಟರ್ ದಾಟಿ ಹಾರಿದ್ದು ಅಲ್ಲೇ, 1936ರಲ್ಲಿ. ಆ ಹಾರುವ ಗುಡ್ಡದ ಕೆಳಗೆ ನಿಂತು ಕತ್ತು ಎತ್ತಿದರೆ ಎದೆ ಝಲ್ಲೆನ್ನುತ್ತದೆ. ನಿಮ್ಮಮ್ಮನಿಗೆ ಮಾತ್ರ ಆ ಫೋಟೋ ಕಳಿಸಬೇಡ. ನೀವೂ ಅಲ್ಲಿಂದ ಹಾರುತ್ತೀರಿ ಅಂದುಕೊಂಡಾಳು.

ರೂಮು ಹಿಡಿಯುವ ಮುಂಚೆ, ದುಡ್ಡು ವಾಪಸ್ ಬರುವ ಷರತ್ತು ಇದೆಯೇ ನೋಡಿಕೋ. ನೀವು ಹೊರಡುವ ಮುಂಚಿನ ವಾರ ಕ್ರಾನ್ಸ್ಕಾ ಗೋರಾದ ವೆಬ್ ಕ್ಯಾಮೆರಾ ದಿನಾ ನೋಡು, ಮಾತಿಗಿಂತ ಅದು ವಾಸಿ. ಈ ವರ್ಷದ ರೇಟುಗಳನ್ನೂ ಅವರ ಸೈಟಿನಲ್ಲೇ ನೋಡು, ಪ್ರತಿ ವರ್ಷ ಸ್ವಲ್ಪ ಏರಿಸುತ್ತಾರೆ. ತಾರೀಖು ಗಟ್ಟಿಯಾದ ಕೂಡಲೇ ಮೂವರ ಎತ್ತರ, ತೂಕ, ಪಾದದ ಉದ್ದ ನನಗೆ ಕಳಿಸು. ಸ್ಕೀ ಬೂಟಿನ ಅಳತೆ ಶೂ ನಂಬರಲ್ಲ, ಸೆಂಟಿಮೀಟರಿನಲ್ಲಿ ಪಾದದ ಉದ್ದ. ಹಿಮ್ಮಡಿಯನ್ನು ಗೋಡೆಗೆ ಒತ್ತಿಟ್ಟು ಹೆಬ್ಬೆರಳ ತುದಿಯವರೆಗೆ ಅಳೆ. ಅಂಗಡಿಯವರು ನನಗೆ ಪರಿಚಯ, ಮಗುವಿನ ಬೂಟು ಮೊದಲೇ ತೆಗೆದಿಡಲು ಹೇಳುತ್ತೇನೆ. ಚಿಕ್ಕ ಅಳತೆಯವು ಬೇಗ ಖಾಲಿಯಾಗುತ್ತವೆ.

ಇಂತಿ ನಿನ್ನ,
ಚಿಕ್ಕಮ್ಮ