ಬ್ಯಾಟರಿ ಹೊಸದು, ಚಾರ್ಜರ್ ಹಳೇದು

ಮಾನ್ಯ ಸಂಪಾದಕರೇ,

ಚಾರ್ಜಿಗೆ ಹಾಕಿದ್ದ ಬ್ಯಾಟರಿ ಸುಟ್ಟುಹೋದ ಸುದ್ದಿ ಎಲ್ಲ ಪತ್ರಿಕೆಗಳಲ್ಲೂ ಆಗಾಗ ಬರುತ್ತದೆ. ಕೊನೆಯಲ್ಲಿ 'ಕಳಪೆ ಬ್ಯಾಟರಿಯೇ ಕಾರಣ ಎನ್ನಲಾಗಿದೆ' ಅಂತಲೋ, 'ಶಾರ್ಟ್ ಸರ್ಕ್ಯೂಟ್ ಶಂಕೆ' ಅಂತಲೋ ಒಂದು ಸಾಲು ಇರುತ್ತದೆ. ಯಾವ ಚಾರ್ಜರ್ ಹಾಕಿದ್ದರು ಅಂತ ಯಾರಾದರೂ ಬರೆದದ್ದನ್ನು ನಾನು ಓದಿಲ್ಲ. ಬ್ಯಾಟರಿ ಕೆಲಸದವಳಾದ ನನಗೆ ಮೊದಲು ಏಳೋ ಪ್ರಶ್ನೆಯೇ ಅದು.

ಹಳೇ ಪಿ.ಬಿ. ರಸ್ತೆಯ ಒಂದು ಅಡ್ಡರಸ್ತೆಯಲ್ಲಿ ನನ್ನ ಚಿಕ್ಕ ಅಂಗಡಿ ಇದೆ. ಐಟಿಐನಲ್ಲಿ ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ಓದಿದ್ದೇನೆ. ಯುಪಿಎಸ್, ಎಮರ್ಜೆನ್ಸಿ ಲೈಟು, ಬೆನ್ನಿಗೆ ಹಾಕುವ ಔಷಧಿ ಪಂಪು, ಬ್ಯಾಟರಿ ಇರೋದೆಲ್ಲ ರಿಪೇರಿಗೆ ಬರುತ್ತದೆ. (ಒಳಗೆ ಬಂದವರು 'ಮೆಕ್ಯಾನಿಕ್ ಎಲ್ಲಿ ಹೋಗ್ಯಾರಕ್ಕಾ?' ಅಂತ ನನ್ನನ್ನೇ ಕೇಳೋದು ಈಗೀಗ ಕಡಿಮೆಯಾಗಿದೆ.)

ಜಾಸ್ತಿ ಬರೋದು ಔಷಧಿ ಪಂಪುಗಳೇ. ಹರಿಹರದ ಕಡೆಯ ಭತ್ತದವರು, ಮಾಯಕೊಂಡದ ಕಡೆಯ ಮೆಕ್ಕೆಜೋಳದವರು, ಚನ್ನಗಿರಿಯ ಅಡಿಕೆಯವರು. ಈ ಪಂಪುಗಳಲ್ಲಿ ಮೊದಲು ಇರುತ್ತಿದ್ದದ್ದು 12 ವೋಲ್ಟಿನ ಸೀಸದ ಬ್ಯಾಟರಿ. ಭಾರ ಜಾಸ್ತಿ, ಎರಡು ಹಂಗಾಮು ಕಳೆಯುವಷ್ಟರಲ್ಲಿ ಸತ್ತುಹೋಗುತ್ತದೆ. ಆದ್ದರಿಂದ ಅದನ್ನು ತೆಗೆಸಿ, ನೀಲಿ ಪ್ಲಾಸ್ಟಿಕ್ ಸುತ್ತಿದ ಲಿಥಿಯಂ ಪ್ಯಾಕ್ ಹಾಕಿಸುತ್ತಾರೆ. ಹಗುರ, ಬೇಗ ಚಾರ್ಜ್ ಆಗುತ್ತದೆ. ಒಳ್ಳೇದೇ. ತೊಂದರೆ ಶುರುವಾಗೋದು ನಂತರದ ಮಾತಿನಲ್ಲಿ. 'ಚಾರ್ಜರ್ ಬ್ಯಾಡಕ್ಕಾ, ಹಳೇದು ಚೆನ್ನಾಗೈತೆ.' ಪಿನ್ನು ಕೂರುತ್ತದೆ, ಕೆಂಪು ದೀಪ ಹತ್ತುತ್ತದೆ, ಆಮೇಲೆ ಹಸಿರಾಗುತ್ತದೆ. ಮತ್ತೇನು ಬೇಕು ಅನ್ನೋ ಲೆಕ್ಕ.

ಹೋದ ಮುಂಗಾರಿನಲ್ಲಿ ಆನಗೋಡು ಕಡೆಯ ರೈತರೊಬ್ಬರು ಪಂಪು ತಂದರು. ಪ್ಯಾಕಿನ ನೀಲಿ ಹೊದಿಕೆ ಕರಗಿ ಮುದ್ದೆಯಾಗಿತ್ತು. ಒಂದು ಸೆಲ್ಲಿನ ತಲೆ ಬಿರಿದು ಅಂಟು ಅಂಟಾಗಿತ್ತು. ಪುಣ್ಯಕ್ಕೆ ಬೆಂಕಿ ಹತ್ತಿರಲಿಲ್ಲ. ಹಳೇ ಚಾರ್ಜರ್ ಹಾಕಬಾರದಿತ್ತು ಅಂದೆ. ಅವರು ಒಪ್ಪಲಿಲ್ಲ. 'ನಮ್ಮ ಷಡ್ಡಕ ಎರಡು ವರ್ಷದಿಂದ ಹಿಂಗೇ ಹಾಕ್ತಾನೆ. ಅವಂದೂ ನೀಲಿದೇ. ಅವಂಗೇನೂ ಆಗಿಲ್ಲಲ್ಲ?' ನ್ಯಾಯವಾದ ಪ್ರಶ್ನೆ. ಷಡ್ಡಕರ ಪಂಪನ್ನೂ ತರಿಸಿ ಬಿಚ್ಚಿದೆ.

ಹೊರಗೆ ಎರಡೂ ನೀಲಿ, ಎರಡರ ಮೇಲೂ '12 ವೋಲ್ಟ್' ಅಂತ ಪೆನ್ನಿನಲ್ಲಿ ಬರೆದಿತ್ತು. ಒಳಗೆ ಬೇರೆ ಬೇರೆ. ಷಡ್ಡಕರದ್ದು ಲಿಥಿಯಂ ಐರನ್ ಫಾಸ್ಫೇಟ್, ದಪ್ಪ ಸೆಲ್ಲುಗಳು, ನಾಲ್ಕನ್ನು ಒಂದರ ಹಿಂದೊಂದು ಸಾಲಾಗಿ ಜೋಡಿಸಿದ್ದು. ಹೀಗೆ ಜೋಡಿಸಿದರೆ ಸೆಲ್ಲುಗಳ ವೋಲ್ಟು ಕೂಡುತ್ತಾ ಹೋಗುತ್ತದೆ. ಈ ಜಾತಿಯ ಒಂದು ಸೆಲ್ಲು ತುಂಬೋದು 3.65 ವೋಲ್ಟಿಗೆ. ನಾಲ್ಕಕ್ಕೆ 14.6. ಸೀಸದ ಚಾರ್ಜರ್ ಏರೋದು 14.4ರ ಆಸುಪಾಸಿಗೆ. ಅಂದರೆ ಸೆಲ್ಲಿಗೆ 3.6. ಅವರ ಅದೃಷ್ಟಕ್ಕೆ ಲೆಕ್ಕ ಹೊಂದಿಕೊಂಡಿತ್ತು. ಆನಗೋಡಿನವರದ್ದು ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಇರುತ್ತಿದ್ದ 18650 ಸೆಲ್ಲುಗಳು: 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಇವು ಸಾಲಿಗೆ ಮೂರೇ. ಒಂದೊಂದು ತುಂಬೋದು 4.2 ವೋಲ್ಟಿಗೆ, ಮೂರಕ್ಕೆ 12.6. ಅದೇ 14.4ರ ಚಾರ್ಜರ್ ಇಲ್ಲಿ ಸೆಲ್ಲೊಂದಕ್ಕೆ 4.8 ವೋಲ್ಟ್ ತಳ್ಳಲು ನೋಡುತ್ತದೆ.

ಅದನ್ನು ತಡೆಯಲೆಂದೇ ಪ್ಯಾಕಿನೊಳಗೆ ಬಿಎಂಎಸ್ ಅನ್ನೋ ಚಿಕ್ಕ ಬೋರ್ಡು ಇರುತ್ತದೆ. ಪ್ರತಿ ಸೆಲ್ಲಿನಿಂದ ಅದಕ್ಕೊಂದು ತೆಳ್ಳನೆ ವೈರು. ಯಾವ ಸೆಲ್ಲು 4.25ರ ಹತ್ತಿರ ಬಂದರೂ ಅದು ಕರೆಂಟು ಕತ್ತರಿಸುತ್ತದೆ. ಆನಗೋಡಿನವರ ಪ್ಯಾಕಿನಲ್ಲೂ ಬೋರ್ಡು ಇತ್ತು. ಆದರೆ ಅದರ ಎರಡು ಪಾಯಿಂಟುಗಳ ಮಧ್ಯೆ ದಪ್ಪ ವೈರೊಂದನ್ನು ಬೆಸುಗೆ ಹಾಕಿ ಕೆಲಸವನ್ನೇ ತಪ್ಪಿಸಿದ್ದರು. ಯಾಕೆಂದರೆ ಹಳೇ ಚಾರ್ಜರ್ ಹಾಕಿದಾಗಲೆಲ್ಲ ಅದು ಕಟ್ ಮಾಡುತ್ತಿತ್ತಂತೆ. ಕೊಟ್ಟ ಅಂಗಡಿಗೆ ಹೋಗಿ ದೂರಿದ್ದಾರೆ. ಅಲ್ಲಿಯ ಹುಡುಗ 'ಬೈಪಾಸ್' ಮಾಡಿಕೊಟ್ಟಿದ್ದಾನೆ. ಇದನ್ನು ರಿಪೇರಿ ಅಂತ ಕರೆಯೋಕೆ ನನಗೆ ಮನಸ್ಸಿಲ್ಲ. ಆ ಬೋರ್ಡು ಸರಿಯಾಗಿಯೇ ಕೆಲಸ ಮಾಡುತ್ತಿತ್ತು.

ಸೀಸದ ಬ್ಯಾಟರಿ ತಡೆದುಕೊಂಡದ್ದನ್ನು ಲಿಥಿಯಂ ಯಾಕೆ ತಡೆಯಲ್ಲ ಅಂತ ಹಲವರು ಕೇಳುತ್ತಾರೆ. ಸೀಸದ ಬ್ಯಾಟರಿಗೆ ಸ್ವಲ್ಪ ಜಾಸ್ತಿ ಚಾರ್ಜ್ ಆದರೆ ಒಳಗಿನ ನೀರು ಒಡೆದು ಗ್ಯಾಸ್ ಆಗುತ್ತದೆ. ಯುಪಿಎಸ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿ ಅಭ್ಯಾಸ ಇದ್ದವರಿಗೆ ಇದು ಗೊತ್ತು. ತುಂಬಿದ ಕೋಣೆ ಗುಳ್ಳೆ ಬಿಡುತ್ತಾ ಇರುತ್ತದೆ, ಅಷ್ಟರಲ್ಲಿ ಹಿಂದೆ ಬಿದ್ದ ಕೋಣೆ ತುಂಬಿಕೊಳ್ಳುತ್ತದೆ. ಲಿಥಿಯಂ ಸೆಲ್ಲಿಗೆ ಆ ದಾರಿ ಇಲ್ಲ. ಮಿತಿ ದಾಟಿಸಿ ತುಂಬಿದರೆ, ಸೆಲ್ಲಿನ ಒಂದು ತುದಿಯ ಗ್ರಾಫೈಟಿನ ಒಳಗೆ ಜಾಗ ಸಿಗದ ಲಿಥಿಯಂ ಅದರ ಮೇಲೆಯೇ ಲೋಹವಾಗಿ ಕೂರುತ್ತದೆ. 18650 ಜಾತಿಯದಾದರೆ ಇನ್ನೊಂದು ತುದಿಯ ವಸ್ತು ಬಿಸಿಯೇರಿ ಆಮ್ಲಜನಕ ಬಿಡುತ್ತದೆ. ಮಧ್ಯದಲ್ಲಿರುವ ದ್ರವವೋ ಬೆಂಕಿ ಹತ್ತುವಂಥದ್ದು.

ಇನ್ನೊಂದು ವಿಷಯ ಇದಕ್ಕಿಂತ ಸೂಕ್ಷ್ಮ. ಸರಿಯಾದ 12.6 ವೋಲ್ಟಿನ ಚಾರ್ಜರನ್ನೇ ತಂದರೂ ಅದು ನೋಡೋದು ಪ್ಯಾಕಿನ ಎರಡು ತುದಿ ಮಾತ್ರ. ಒಳಗಿನ ಒಂದೊಂದು ಸೆಲ್ಲು ಅದಕ್ಕೆ ಕಾಣಿಸಲ್ಲ. ಸಾಲಾಗಿ ಜೋಡಿಸಿದಾಗ ಎಲ್ಲ ಸೆಲ್ಲುಗಳ ಮೂಲಕ ಹರಿಯೋದು ಒಂದೇ ಕರೆಂಟು. ಪಂಕ್ತಿಯಲ್ಲಿ ಕೂತವರಿಗೆಲ್ಲ ಒಂದೇ ಅಳತೆಯಲ್ಲಿ ಬಡಿಸುತ್ತಾ ಹೋದ ಹಾಗೆ. ಒಬ್ಬರ ಹೊಟ್ಟೆ ತುಂಬಿದ್ದರೂ ಎಲೆಗೆ ಬೀಳೋದು ನಿಲ್ಲಲ್ಲ. ಮೂರೂ ಸೆಲ್ಲು ಸಮ ಇದ್ದರೆ 4.2, 4.2, 4.2, ಒಟ್ಟು 12.6. ಒಂದು ಸೆಲ್ಲು ಹಳತಾಗಿ ಶಕ್ತಿ ಕುಂದಿದ್ದರೆ ಅದೇ ಎಲ್ಲಕ್ಕಿಂತ ಮೊದಲು ತುಂಬುತ್ತದೆ. ಆಗ 4.45, 4.10, 4.05 ಆಗಬಹುದು. ಕೂಡಿದರೆ ಇದೂ 12.6. ಚಾರ್ಜರ್‌ಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ, ಹಸಿರು ದೀಪ ಹತ್ತುತ್ತದೆ. ಒಂದು ಸೆಲ್ಲು ಮಾತ್ರ ಒಳಗೇ ಹಾಳಾಗುತ್ತಿರುತ್ತದೆ.

ಹೀಗಾಗಿ ಬೋರ್ಡು ಇದೆ ಅಂದರೆ ಸಾಲದು, ಅದರಲ್ಲಿ ಬ್ಯಾಲನ್ಸಿಂಗ್, ಅಂದರೆ ಎಲ್ಲ ಸೆಲ್ಲುಗಳನ್ನು ಒಂದೇ ಮಟ್ಟಕ್ಕೆ ತರೋ ವ್ಯವಸ್ಥೆ, ಇದೆಯಾ ಅಂತ ಕೇಳಬೇಕು. ಅಗ್ಗದ ಎಷ್ಟೋ ಬೋರ್ಡುಗಳಲ್ಲಿ ಕತ್ತರಿಸುವ ವ್ಯವಸ್ಥೆ ಮಾತ್ರ ಇರುತ್ತದೆ, ಸರಿದೂಗಿಸುವುದು ಇರಲ್ಲ. ಇರುವ ಬೋರ್ಡುಗಳೂ ಮುಂದೆ ಓಡಿದ ಸೆಲ್ಲಿನ ಜಾಸ್ತಿ ಚಾರ್ಜನ್ನು ಚಿಕ್ಕ ರೆಸಿಸ್ಟರ್ ಮೂಲಕ ಬಿಸಿಯಾಗಿ ಕಳೆಯುತ್ತವೆ. ಅದೂ ಸಾಮಾನ್ಯವಾಗಿ ಹತ್ತಿಪ್ಪತ್ತು ಮಿಲಿಆಂಪಿಯರಿಂದ ನೂರರ ತನಕ. 50 ಮಿಲಿಆಂಪಿಯರ್ ಅಂತ ಹಿಡಿದರೂ ಒಂದು ಆಂಪಿಯರ್‌ಅವರ್ (ಒಂದು ಆಂಪಿಯರ್ ಒಂದು ಗಂಟೆ ಹರಿದಷ್ಟು ಚಾರ್ಜು) ವ್ಯತ್ಯಾಸ ಸರಿಹೋಗಲು 20 ಗಂಟೆ ಬೇಕು. ಬೇರೆ ಬೇರೆ ಕಡೆಯಿಂದ ಆರಿಸಿ ತಂದ ಗುಜರಿ ಸೆಲ್ಲುಗಳನ್ನು ಹಾಗೇ ಜೋಡಿಸಿ 'ಬಿಎಂಎಸ್ ನೋಡ್ಕೊಳ್ಳುತ್ತೆ ಬಿಡಿ' ಅನ್ನೋರಿಗೆ ಈ ಲೆಕ್ಕ ತೋರಿಸಬೇಕು. ನಾನು ಪ್ಯಾಕ್ ಕಟ್ಟುವಾಗ ಒಂದೇ ಬ್ಯಾಚಿನ ಸೆಲ್ಲು ತರಿಸುತ್ತೇನೆ. ಒಂದೊಂದನ್ನೂ ಬೇರೆಯಾಗಿ ತುಂಬಿಸಿ, ಖಾಲಿ ಮಾಡಿ ಅಳೆಯುತ್ತೇನೆ. ಎಲ್ಲವನ್ನೂ ಒಂದೇ ವೋಲ್ಟಿಗೆ ತಂದ ಮೇಲೆಯೇ ನಿಕ್ಕಲ್ ಪಟ್ಟಿಯನ್ನು ಸ್ಪಾಟ್ ವೆಲ್ಡ್ ಮಾಡುತ್ತೇನೆ. ಅದರ ಬದಲು ನೇರವಾಗಿ ಸೋಲ್ಡರ್ ಬೆಸುಗೆ ಹಾಕಿದರೆ ಸೆಲ್ಲಿಗೆ ಬಿಸಿ ತಗಲುತ್ತದೆ. ಇದೆಲ್ಲ ಮಾಡಿದರೆ ಪ್ಯಾಕಿನ ಬೆಲೆ ಜಾಸ್ತಿಯಾಗುತ್ತದೆ, ನಿಜ. ಪಕ್ಕದ ಬೀದಿಯಲ್ಲಿ ಕಡಿಮೆಗೆ ಸಿಗುತ್ತದೆ ಅಂತ ಎದ್ದು ಹೋಗೋರೂ ಇದ್ದಾರೆ.

ಎಲೆಕ್ಟ್ರಿಕ್ ಸ್ಕೂಟರಿನಲ್ಲೂ ಇದೇ ಕಥೆ, ಅಲ್ಲಿ ಅಪಾಯ ಇನ್ನೂ ದೊಡ್ಡದು. ಸೀಸದ ಬ್ಯಾಟರಿಯ ಎಷ್ಟೋ ಹಳೇ ಸ್ಕೂಟರುಗಳಲ್ಲಿ 12 ವೋಲ್ಟಿನ ನಾಲ್ಕು ಬ್ಯಾಟರಿ, ಅದರ ಚಾರ್ಜರ್ 58 ವೋಲ್ಟಿನ ಹತ್ತಿರ ಹೋಗುತ್ತದೆ. ಅದಕ್ಕೆ 13 ಸೆಲ್ಲು ಸಾಲಿನ '48 ವೋಲ್ಟ್' ಲಿಥಿಯಂ ಹಾಕಿಸಿದರೆ, ಅದು ತುಂಬೋದು 54.6ಕ್ಕೆ. ಹಳೇ ಚಾರ್ಜರ್ ಹಾಕಿದರೆ ಸೆಲ್ಲಿಗೆ ಸುಮಾರು 4.5 ವೋಲ್ಟ್. ರಾತ್ರಿ ಬಾಗಿಲ ಪಕ್ಕ, ಮೆಟ್ಟಿಲ ಕೆಳಗೆ ಚಾರ್ಜಿಗೆ ಹಾಕಿ ಮಲಗುವ ಮನೆಗಳು ನಮ್ಮ ಬೀದಿಯಲ್ಲೇ ಇವೆ. ಹೊತ್ತಿಕೊಂಡರೆ ಹೊರಗೆ ಹೋಗುವ ದಾರಿಯೇ ಮುಚ್ಚುತ್ತದೆ.

ಪಂಪಿನವರಿಗೆ ಇನ್ನೆರಡು ಮಾತು. ಹಂಗಾಮು ಮುಗಿದ ಮೇಲೆ ಸ್ವಿಚ್ ಹಾಗೇ ಬಿಟ್ಟು ಮೂಲೆಗೆ ಇಡಬೇಡಿ. 18650 ಸೆಲ್ಲು 2.5 ವೋಲ್ಟಿಗಿಂತ ತುಂಬಾ ಕೆಳಗಿಳಿದು ಬಹಳ ದಿನ ಬಿದ್ದಿದ್ದರೆ ಒಳಗಿನ ತಾಮ್ರದ ಹಾಳೆಯೇ ಕರಗಲು ಶುರುವಾಗಬಹುದು. ಆಮೇಲೆ ಚಾರ್ಜ್ ಮಾಡಿದಾಗ ಆ ತಾಮ್ರ ಒಳಗೇ ಶಾರ್ಟ್ ಮಾಡಬಹುದು. ಅಂಥ ಸತ್ತ ಪ್ಯಾಕನ್ನು ಬೇರೆ ಬ್ಯಾಟರಿಯಿಂದ ಜೋರಾಗಿ ಕರೆಂಟು ಕೊಟ್ಟು 'ಎಬ್ಬಿಸುವ' ಮೆಕ್ಯಾನಿಕ್‌ಗಳಿದ್ದಾರೆ. ಎದ್ದರೂ ಅದು ನಂಬುವಂಥದ್ದಲ್ಲ. ಅರ್ಧದಷ್ಟು ಚಾರ್ಜ್ ಮಾಡಿ, ಸ್ವಿಚ್ ಆರಿಸಿ, ತಂಪಾದ ಜಾಗದಲ್ಲಿ ಇಡಿ.

ಇನ್ನೊಂದು, ಬಿಸಿಲಿನದು. ಸಾಮಾನ್ಯವಾಗಿ ಈ ಸೆಲ್ಲುಗಳನ್ನು 45 ಡಿಗ್ರಿಗಿಂತ ಮೇಲೆ ಚಾರ್ಜ್ ಮಾಡಬಾರದು ಅಂತ ತಯಾರಕರೇ ಹೇಳುತ್ತಾರೆ. ನಮ್ಮ ಏಪ್ರಿಲ್ ಬಿಸಿಲಿಗೆ ತಗಡಿನ ಶೆಡ್ಡಿನ ಒಳಗೆ ಎಷ್ಟಿರುತ್ತದೆ ಅಂತ ನಾನು ಹೇಳಬೇಕಾಗಿಲ್ಲ ಅಲ್ವಾ. ಹೊಲದಿಂದ ಬಂದ ಕೂಡಲೇ ಬಿಸಿ ಪಂಪನ್ನು ಪ್ಲಗ್ಗಿಗೆ ಹಾಕದೆ ಸ್ವಲ್ಪ ಹೊತ್ತು ಆರಲು ಬಿಡಿ. ಗೋಣಿಚೀಲ, ಮೇವು, ಔಷಧಿ ಡಬ್ಬಿಗಳ ಪಕ್ಕ ಬೇಡ. ಪ್ಯಾಕ್ ಉಬ್ಬಿದ್ದರೆ, ಸಿಹಿಸಿಹಿ ವಾಸನೆ ಬಂದರೆ, ಚಾರ್ಜಿಂಗ್ ನಿಲ್ಲಿಸಿ. ಹೊಗೆ, ಬುಸ್ ಶಬ್ದ ಬಂದರೆ ಮೊದಲು ಜನ ಹೊರಗೆ ಹೋಗಬೇಕು, ಆ ಹೊಗೆ ವಿಷ. ಮೇನ್ ಸ್ವಿಚ್ ಕೈಗೆಟುಕುವಂತಿದ್ದರೆ ಆರಿಸಿ, 112ಕ್ಕೆ ಫೋನ್ ಮಾಡಿ. ಮರಳು ಮುಚ್ಚಿದರೆ ಒಳಗಿನ ಬಿಸಿ ಆರಲ್ಲ. ಇಂಥ ಬೆಂಕಿಯನ್ನು ತಣ್ಣಗಾಗಿಸೋದು ಧಾರಾಳ ನೀರು. ಒಮ್ಮೆ ಆರಿದ್ದು ಮತ್ತೆ ಹತ್ತಿಕೊಳ್ಳೋದೂ ಉಂಟು.

2022ರಲ್ಲಿ ದೇಶದ ಹಲವೆಡೆ ಎಲೆಕ್ಟ್ರಿಕ್ ಸ್ಕೂಟರುಗಳಿಗೆ ಬೆಂಕಿ ಬಿದ್ದ ಮೇಲೆ ಕೇಂದ್ರ ಸರ್ಕಾರ ಎಐಎಸ್-156 ಅನ್ನೋ ಬ್ಯಾಟರಿ ಸುರಕ್ಷತೆಯ ನಿಯಮಗಳನ್ನು ಬಿಗಿ ಮಾಡಿತು. ಅದೇ ವರ್ಷ ಡಿಸೆಂಬರ್ 1ರಿಂದ ಮೊದಲ ಹಂತ, 2023ರ ಮಾರ್ಚ್ 31ರಿಂದ ಎರಡನೇ ಹಂತ ಜಾರಿಗೆ ಬಂತು. ಅದು ಕಂಪನಿಯಿಂದ ಬರುವ ಗಾಡಿಗಳಿಗೆ. ಔಷಧಿ ಪಂಪಿನ ಪ್ಯಾಕಿಗಾಗಲಿ, ನನ್ನಂಥವರು ಟೇಬಲ್ ಮೇಲೆ ಕಟ್ಟುವ ಪ್ಯಾಕಿಗಾಗಲಿ ಆ ಪರೀಕ್ಷೆ ಯಾವುದೂ ನಡೆಯಲ್ಲ. ದೊಡ್ಡ ಕಾನೂನು ಬರಲಿ ಅಂತ ಕಾಯುವ ಬದಲು ನಾನು ಕೇಳೋದು ಒಂದೇ: ಪ್ಯಾಕ್ ಕಟ್ಟಿದವರು ಅದರ ಮೇಲೆ ಒಂದು ಚೀಟಿ ಅಂಟಿಸಲಿ, ಕನ್ನಡದಲ್ಲಿ. ಸೆಲ್ಲು ಯಾವ ಜಾತಿ, ಸಾಲಿಗೆ ಎಷ್ಟು, ಎಷ್ಟು ವೋಲ್ಟಿಗೆ ತುಂಬುತ್ತದೆ, ಕಟ್ಟಿದ ತಿಂಗಳು ಯಾವುದು. ಅದೇ ವೋಲ್ಟಿನ ಸಂಖ್ಯೆ ಚಾರ್ಜರ್ ಮೇಲೂ ಇರಲಿ. ಎರಡೂ ಸಂಖ್ಯೆ ಹೊಂದಿದರೆ ಪಿನ್ನು ಚುಚ್ಚಿ, ಇಲ್ಲದಿದ್ದರೆ ಬೇಡ. ಬರೀ '12 ವೋಲ್ಟ್' ಅಂತ ಬರೆದರೆ ಏನೂ ಹೇಳಿದ ಹಾಗಾಗಲ್ಲ. ಆನಗೋಡಿನವರಿಗೂ ಅವರ ಷಡ್ಡಕರಿಗೂ ಬರೆದುಕೊಟ್ಟದ್ದು ಅದನ್ನೇ ಅಲ್ವಾ?

ಹಳೇ ಚಾರ್ಜರನ್ನು ಅಂಗಡಿಯಲ್ಲೇ ವಾಪಸ್ ತೆಗೆದುಕೊಂಡರೆ ಇನ್ನೂ ಒಳ್ಳೇದು. ನಾನು ಗುಜರಿ ಬೆಲೆ ಕಳೆದು ಹೊಸ ಚಾರ್ಜರ್ ಕೊಡುತ್ತೇನೆ. ಮನೆಯಲ್ಲಿ ಉಳಿದರೆ ಯಾರಾದರೂ ಚುಚ್ಚಿಯೇ ಚುಚ್ಚುತ್ತಾರೆ. ರೈತ ಸಂಪರ್ಕ ಕೇಂದ್ರಗಳಲ್ಲಿ ಬೀಜ, ಗೊಬ್ಬರದ ದರದ ಬೋರ್ಡಿನ ಪಕ್ಕ ಚಾರ್ಜರಿನ ನಾಲ್ಕು ಸಾಲಿಗೂ ಜಾಗ ಸಿಗಬಹುದು.

ತಮ್ಮಲ್ಲಿ ಒಂದು ವಿನಂತಿ. ಮುಂಗಾರು ಬಿತ್ತನೆಗೆ ಮೊದಲು ಕೃಷಿ ಪುಟದ ಒಂದು ಮೂಲೆಯಲ್ಲಿ ಇಷ್ಟನ್ನು ದಪ್ಪ ಅಕ್ಷರದಲ್ಲಿ ಹಾಕಿ: ಲ್ಯಾಪ್‌ಟಾಪ್ ಜಾತಿಯ 18650 ಸೆಲ್ಲು ಸಾಲಿಗೆ ಮೂರಿದ್ದರೆ 12.6 ವೋಲ್ಟಿನ ಚಾರ್ಜರ್, ಐರನ್ ಫಾಸ್ಫೇಟ್ ಸಾಲಿಗೆ ನಾಲ್ಕಿದ್ದರೆ 14.6 ವೋಲ್ಟಿನದು. ಯಾವುದೆಂದು ಗೊತ್ತಾಗದಿದ್ದರೆ ಪ್ಯಾಕನ್ನು ಕಟ್ಟಿದವರ ಹತ್ತಿರವೇ ತೆಗೆದುಕೊಂಡು ಹೋಗಿ ಬರೆಸಿಕೊಳ್ಳಲಿ.

ಇಂತಿ,
ಬ್ಯಾಟರಿ ಅಂಗಡಿಯವಳು,
ಹಳೇ ಪಿ.ಬಿ. ರಸ್ತೆ, ದಾವಣಗೆರೆ