ಸಚಿವರೇ, ನಮ್ಮ ರಿಜಿಸ್ಟರ್ ಓದುವವರು ಯಾರು?

ಮಾನ್ಯ ಆರೋಗ್ಯ ಸಚಿವರಿಗೆ ದಾವಣಗೆರೆಯಿಂದ ನಮಸ್ಕಾರಗಳು.

ಜಗಳೂರು ಕಡೆಯ ಹಳ್ಳಿಗಳಲ್ಲಿ ಆರೋಗ್ಯ ಸಹಾಯಕನಾಗಿ ತಿರುಗಿ ನಿವೃತ್ತನಾದವನು ನಾನು. ಹೊಸ ಆಸ್ಪತ್ರೆ ಕೇಳಲು ಬರೆಯುತ್ತಿಲ್ಲ. ಯೋಚನೆ ಮಾಡಲೆಂದೇ ಸಂಬಳ ಪಡೆಯುವ ನಾಲ್ಕು ಜನರನ್ನು ಜಿಲ್ಲೆಗೆ ಕೊಡಿ, ಅಷ್ಟೆ.

ಒಮ್ಮೆ ಶಾಲೆಯಲ್ಲಿ ಮಕ್ಕಳ ಹಲ್ಲು ನೋಡುತ್ತಿದ್ದೆ. ಐದನೇ ಕ್ಲಾಸಿನ ಹುಡುಗಿಯೊಬ್ಬಳು ಬಾಯಿಗೆ ಅಂಗೈ ಅಡ್ಡ ಹಿಡಿದು ನಕ್ಕಳು. ಹಲ್ಲಿನ ಮೇಲೆ ಕಂದು ಪಟ್ಟೆ. ಅವಳ ಅಜ್ಜಿಗೆ ಕೂತರೆ ಏಳಲು ಆಗುತ್ತಿರಲಿಲ್ಲ. ಇಬ್ಬರೂ ಕುಡಿದದ್ದು ಒಂದೇ ಬೋರ್‌ವೆಲ್ ನೀರು. ಲೀಟರಿಗೆ 1.5 ಮಿಲಿಗ್ರಾಂಗಿಂತ ಜಾಸ್ತಿ ಫ್ಲೋರೈಡ್ ಇದ್ದರೆ ಆ ನೀರು ಕುಡಿಯಬಾರದು; ಹಲ್ಲು, ಮೂಳೆ ಎರಡೂ ಕೆಡುತ್ತವೆ. ಹಲ್ಲು ನಮ್ಮ ರಿಜಿಸ್ಟರಿಗೆ ಹೋಯಿತು. ನೀರಿನ ಪರೀಕ್ಷೆ ಬೇರೆ ಇಲಾಖೆಯ ಫೈಲಿಗೆ ಹೋಯಿತು. ಅಜ್ಜಿಯ ಮೊಣಕಾಲಿಗೆ ಕಾಲಂ ಇರಲಿಲ್ಲ. ಮೂರನ್ನೂ ಒಂದೇ ಟೇಬಲ್ ಮೇಲೆ ಇಟ್ಟು ನೋಡುವವರೂ ಇರಲಿಲ್ಲ.

ತಿಂಗಳ ವರದಿ ಮಾತ್ರ ಒಂದು ಸಲವೂ ತಪ್ಪಲಿಲ್ಲ. (ಪೋರ್ಟಲ್ ಬಂದ ಮೇಲೆ ಹಾಳೆಯಲ್ಲೂ ಬರೆದೆವು, ಕಂಪ್ಯೂಟರಿಗೂ ತುಂಬಿಸಿದೆವು!) "ಅಂಕಿ ಬಂತಾ?" ಅಂತ ಫೋನ್ ಬರುತ್ತಿತ್ತು. "ಈ ಅಂಕಿ ಯಾಕೆ ಹೀಗಿದೆ?" ಅಂತ ಯಾರೂ ಕೇಳಲಿಲ್ಲ.

ಅಧಿಕಾರಿಗಳನ್ನು ಸುಮ್ನೆ ಬೈಯುವುದಿಲ್ಲ. ನಾನು ಕಂಡ ಸಾಹೇಬರೊಬ್ಬರು ಒಳ್ಳೆ ಕೈಗುಣದ ಸರ್ಜನ್. ಬಡ್ತಿ ಸಿಕ್ಕಿ ಕುರ್ಚಿಗೆ ಬಂದರು. ಖರೀದಿ, ಕೋರ್ಟ್ ಕೇಸು, ಸಭೆ, ಮತ್ತೆ ಸಭೆ. ಯೋಜನೆ ಮಾಡಲು ಪುರುಸೊತ್ತು ಎಲ್ಲಿ? ಅವರು ಓದಿದ್ದೂ ಅದಲ್ಲ ಅಲ್ವಾ?

ಇದು ನನ್ನ ತಲೆಯಿಂದ ಹುಟ್ಟಿದ ಮಾತೇನಲ್ಲ. ಸಾರ್ವಜನಿಕ ಆರೋಗ್ಯವನ್ನು ಕಡೆಗಣಿಸಲಾಗಿದೆ ಎಂದು ಡಾ. ಎಚ್. ಸುದರ್ಶನ್ ಅಧ್ಯಕ್ಷತೆಯ ಕಾರ್ಯಪಡೆ 2001ರಲ್ಲೇ ನಮ್ಮ ಸರ್ಕಾರಕ್ಕೆ ಹೇಳಿತ್ತು. ಆ ಕೆಲಸಕ್ಕೆ ಪ್ರತಿ ರಾಜ್ಯದಲ್ಲೂ ಬೇರೆ ಕೇಡರ್, ಅಂದರೆ ಅದಕ್ಕೆಂದೇ ಇರುವ ನೌಕರರ ವರ್ಗ, ಬೇಕು ಎಂದು 2017ರ ರಾಷ್ಟ್ರೀಯ ಆರೋಗ್ಯ ನೀತಿ ಹೇಳಿತು. ಪಕ್ಕದ ತಮಿಳುನಾಡಿನಲ್ಲಿ ಅದು ಸ್ವಾತಂತ್ರ್ಯಕ್ಕೂ ಮೊದಲಿನ ಪದ್ಧತಿ. 1939ರ ಸಾರ್ವಜನಿಕ ಆರೋಗ್ಯ ಕಾಯ್ದೆಯ ಬಲವೂ ಇದೆ.

ರೋಗ ಹರಡುವ ಬಗೆ ಓದಿದವರೊಬ್ಬರು, ಅಂಕಿ ಬಿಡಿಸಬಲ್ಲವರೊಬ್ಬರು, ದುಡ್ಡಿನ ಲೆಕ್ಕ ಗೊತ್ತಿದ್ದವರೊಬ್ಬರು, ಹಳ್ಳಿ ಸುತ್ತಿದ ಆರೋಗ್ಯ ಸಹಾಯಕಿಯೊಬ್ಬರು. ಮೂರು ವರ್ಷ ಅವರನ್ನು ವರ್ಗ ಮಾಡಬೇಡಿ. ನೀರು, ಶಿಕ್ಷಣ ಇಲಾಖೆಗಳಿಂದ ಅಂಕಿ ಕೇಳಿ ಪಡೆಯುವ ಅಧಿಕಾರ ಕೊಡಿ. ಬಜೆಟ್ಟಿಗೆ ಮೊದಲು ಅವರ ಟಿಪ್ಪಣಿ ನಿಮ್ಮ ಕೈಗೆ ಬರಲಿ. ಜನ ಎಲ್ಲಿದ್ದಾರೆ ಅನ್ನಬೇಡಿ. 1965ರಿಂದ ನಮ್ಮೂರಲ್ಲಿ ಮೆಡಿಕಲ್ ಕಾಲೇಜು ಇದೆ.

ಉತ್ತರ ನನಗೆ ಬೇಡ. ಈಗ ಆ ರಿಜಿಸ್ಟರ್ ತುಂಬಿಸುತ್ತಿರುವವರಿಗೆ ಕಳಿಸಿ.

ಇಂತಿ,
ನಿವೃತ್ತ ಆರೋಗ್ಯ ಸಹಾಯಕ, ದಾವಣಗೆರೆ