ಓರೆ ಗಾಲಿಯ ಲೆಕ್ಕ

ಆಡೆನೌ, ಜರ್ಮನಿ
ಭಾನುವಾರ ಸಂಜೆ

ಪ್ರೀತಿಯ ತಮ್ಮನಿಗೆ ಅಣ್ಣನ ಆಶೀರ್ವಾದಗಳು.

ನಾನು ಇಲ್ಲಿ ಕ್ಷೇಮ. ನೀವೆಲ್ಲ ಅಲ್ಲಿ ಕ್ಷೇಮ ಅಂತ ತಿಳಿದಿದ್ದೇನೆ. ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಸರಿಯಾಗಿ ಹೇಳಲು ಆಗಲಿಲ್ಲ. ಇಲ್ಲಿ ಕಂಪ್ರೆಸರ್ ಗದ್ದಲ, ಅಲ್ಲಿ ಹಾವೇರಿಯ ನಮ್ಮ ಶೆಡ್ಡಿನ ಮುಂದೆ ಲಾರಿಗಳ ಹಾರ್ನು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಮೊದಲು ನೀನು ಓದಿಕೋ, ಆಮೇಲೆ ಅಪ್ಪನ ಮುಂದೆ ಗಟ್ಟಿಯಾಗಿ ಓದು. ಅವರು ನಡುನಡುವೆ ಬಾಯಿ ಹಾಕುತ್ತಾರೆ, ಹಾಕಲಿ.

ನೀನು ಕೇಳಿದ್ದು ಎರಡು ಮಾತು. ಹುಬ್ಬಳ್ಳಿಯ ಹುಡುಗನೊಬ್ಬ ತನ್ನ ಕಾರನ್ನು ಕೊಯಮತ್ತೂರಿನ ಕರಿ ಟ್ರ್ಯಾಕಿಗೆ ಒಯ್ಯುತ್ತಾನೆ, ರೇಸಿಗೆ ಬೇಕಾದ ಹಾಗೆ ಗಾಲಿಗಳ ಓರೆ, ದಿಕ್ಕು ಹೊಂದಿಸುವ ಅಲೈನ್‌ಮೆಂಟ್ ಮಾಡಿಕೊಡು ಅಂದಿದ್ದಾನೆ, ಹೇಗೆ ಮಾಡಲಿ ಅನ್ನುವುದು ಒಂದು. ಅದಕ್ಕಾಗಿ ಸಾಲ ಮಾಡಿ ಕಂಪ್ಯೂಟರ್ ಮಷೀನು ತರಲೇ ಅನ್ನುವುದು ಇನ್ನೊಂದು. ಮಷೀನಿನ ಮಾತಿಗೆ ಈಗಲೇ ಉತ್ತರ: ಸದ್ಯ ಬೇಡ. ಯಾಕೆ ಅಂತ ಓದುತ್ತಾ ಹೋದರೆ ನಿನಗೇ ತಿಳಿಯುತ್ತದೆ.

ನಾನು ಕೆಲಸ ಮಾಡುವ ಗ್ಯಾರೇಜು ಬಹಳ ದೊಡ್ಡದೇನಲ್ಲ. ಎರಡು ಲಿಫ್ಟು, ನಾಲ್ಕು ಜನ. ಆದರೆ ಪಕ್ಕದಲ್ಲೇ ನ್ಯೂರ್‌ಬರ್ಗ್‌ರಿಂಗ್ ಇದೆ. 1927ರಲ್ಲಿ ಶುರುವಾದ ಟ್ರ್ಯಾಕು. ಅದರ ಉತ್ತರದ ಸುತ್ತು ಒಂದೇ 20.8 ಕಿಲೋಮೀಟರು, ಕಾಡಿನೊಳಗೆ ಸುಮಾರು 300 ಮೀಟರ್ ಏರಿಳಿತ. ಒಂದು ತುದಿಯಲ್ಲಿ ಬಿಸಿಲಿದ್ದರೆ ಇನ್ನೊಂದು ತುದಿಯಲ್ಲಿ ಮಳೆ. ಕೆಲವು ದಿನ ದುಡ್ಡು ಕೊಟ್ಟರೆ ಯಾರು ಬೇಕಾದರೂ ತಮ್ಮ ಸ್ವಂತ ಕಾರು ಓಡಿಸಬಹುದು. ಆ ಕಾರುಗಳೇ ನಮ್ಮ ಹೊಟ್ಟೆಪಾಡು.

ಈಗ ವಿಷಯಕ್ಕೆ ಬರುತ್ತೇನೆ. ಅವ್ವನ ಚಪ್ಪಲಿ ನೆನಪಿದೆ ಅಲ್ವಾ? ಹಿಮ್ಮಡಿಯ ಹೊರ ಅಂಚು ಮಾತ್ರ ಸವೆದು ಹೋಗಿರುತ್ತದೆ, ಉಳಿದದ್ದು ಹೊಸದರ ಹಾಗೇ ಇರುತ್ತದೆ. ರಸ್ತೆಯ ಅಲೈನ್‌ಮೆಂಟಿನಲ್ಲೇ ಟ್ರ್ಯಾಕಿಗೆ ಇಳಿದ ಕಾರಿನ ಮುಂದಿನ ಟೈರು ಥೇಟ್ ಹಾಗೇ ಆಗುತ್ತದೆ. ಜೋರಾಗಿ ತಿರುಗುವಾಗ ಬಾಡಿ ಹೊರಗಡೆಗೆ ವಾಲುತ್ತದೆ, ತನ್ನ ಜೊತೆ ಗಾಲಿಯನ್ನೂ ವಾಲಿಸುತ್ತದೆ. ಇಡೀ ಕಾರಿನ ಭಾರ ಹೊರಗಿನ ಟೈರಿನ ಹೊರ ಅಂಚಿನ ಮೇಲೆ ಬೀಳುತ್ತದೆ. ನಾಲ್ಕೈದು ಸುತ್ತಿಗೇ ಆ ಅಂಚು ಹರಿದು ಚಿಂದಿಯಾಗುತ್ತದೆ, ಒಳಗಡೆ ಮಾತ್ರ ಏನೂ ಆಗಿರುವುದಿಲ್ಲ. ಅದಕ್ಕೇ ಕಾರು ನಿಂತಿದ್ದಾಗಲೇ ಗಾಲಿಯ ತಲೆಯನ್ನು ಒಳಕ್ಕೆ ಓರೆ ಮಾಡಿಡುತ್ತೇವೆ. ನೆಗೆಟಿವ್ ಕ್ಯಾಂಬರ್ ಅನ್ನುವುದು ಇದನ್ನೇ. ತಿರುವಿನಲ್ಲಿ ಬಾಡಿ ವಾಲಿದಾಗ ಆ ಓರೆ ಗಾಲಿ ನೆಟ್ಟಗಾಗಿ ಪೂರ್ತಿ ಪಾದ ಊರುತ್ತದೆ. ರಸ್ತೆ ಕಾರಿಗೆ ಅರ್ಧದಿಂದ ಒಂದು ಡಿಗ್ರಿ ಸಾಕು. ಹಿಡಿತ ಜಾಸ್ತಿ ಇರುವ ಟೈರು ಹಾಕಿ ಟ್ರ್ಯಾಕಿಗೆ ಹೋಗುವವರಿಗೆ ಮುಂದಿನ ಗಾಲಿಗೆ ಎರಡೂವರೆಯಿಂದ ಮೂರೂವರೆವರೆಗೂ ಕೊಡುತ್ತೇವೆ. ನಮ್ಮ ಕಂಪ್ಯೂಟರ್ ಮಷೀನಿನಲ್ಲಿ ಪ್ರಿಂಟ್ ತೆಗೆದರೆ ಎಲ್ಲ ಅಂಕಿಯೂ ಕೆಂಪು. ಅದಕ್ಕೆ ಗೊತ್ತಿರುವುದು ಕಂಪನಿ ಹೇಳಿದ ಅಳತೆ ಮಾತ್ರ. ಮೊದಲ ಸಲ ನೋಡಿದಾಗ ನಾನೇ ಗಾಬರಿಯಾಗಿದ್ದೆ.

ಕ್ಯಾಂಬರ್‌ಗೆ ಇಲ್ಲಿಯವರು ಶ್ಟುರ್ಟ್ಸ್ ಅನ್ನುತ್ತಾರೆ, ಬೀಳುವುದು ಅಂತ ಅರ್ಥ. ಗಾಲಿಯ ಮೂಗು ಒಳಗೆ ನೋಡಿದರೆ ಟೋ ಇನ್, ಹೊರಗೆ ನೋಡಿದರೆ ಟೋ ಔಟ್; ಈ ಟೋಗೆ ಶ್ಪೂರ್ ಅನ್ನುತ್ತಾರೆ. ಅಂದರೆ ಜಾಡು! ನಮ್ಮ ಚಕ್ಕಡಿ ಜಾಡು ಅನ್ನುತ್ತೇವಲ್ಲ, ಅದೇ. ಈ ಮಾತು ಕೇಳಿದ ದಿನ ನನಗೆ ಎಷ್ಟು ಖುಷಿಯಾಯಿತು ಅಂದರೆ, ಜೊತೆಗಿದ್ದವನಿಗೆ ಕೂತು ಚಕ್ಕಡಿಯ ಚಿತ್ರ ಬರೆದು ತೋರಿಸಿದೆ. ಅವನಿಗೆ ಅರ್ಥವಾದದ್ದು ಎತ್ತು ಮಾತ್ರ.

ಕ್ಯಾಂಬರ್ ತಪ್ಪಿದರೆ ಟೈರು ಹೋಗುತ್ತದೆ. ಟೋ ತಪ್ಪಿದರೆ ಕಾರೇ ಹೋಗುತ್ತದೆ. ಇದು ನಾನು ಮಾಡಿದ ತಪ್ಪಿನಿಂದ ಕಲಿತದ್ದು, ಅಪ್ಪನಿಗೆ ಇಲ್ಲಿಯವರೆಗೂ ಹೇಳಿರಲಿಲ್ಲ.

ಒಬ್ಬ ಗಿರಾಕಿಯ ಹಳೇ ಮಾಜ್ದಾ ಎಂಎಕ್ಸ್-5 ಬಂದಿತ್ತು. ಎರಡೇ ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರು, ಸಾವಿರ ಕೆಜಿ ಆಸುಪಾಸು, ಹಿಂದಿನ ಗಾಲಿ ಎಳೆಯುವ ಗಾಡಿ. ಮುಂದೆ ಎರಡೂವರೆ ಡಿಗ್ರಿ, ಹಿಂದೆ ಎರಡಕ್ಕೆ ಸ್ವಲ್ಪ ಕಡಿಮೆ ಇಟ್ಟಿದ್ದೆ. ಹಿಂದೆ ಟೋ ಇನ್ ಒಂದೊಂದು ಗಾಲಿಗೆ ಒಂದು ಮಿಲಿಮೀಟರು. ಎಲ್ಲ ಸರಿಯಿತ್ತು. ಸಂಜೆ ಹೊರಡುವ ಹೊತ್ತಿಗೆ ಗಿರಾಕಿ, ಹಿಂದಿನ ಎಡಗಾಲಿಗೆ ಇನ್ನೊಂದು ಚೂರು ಕ್ಯಾಂಬರ್ ಕೊಡು ಅಂದ. ಆ ಕಾರಿನ ಹಿಂದಿನ ಕೆಳಗಿನ ಆರ್ಮಿಗೆ ತಿರುಗಿಸಿದರೆ ಆರ್ಮನ್ನು ಒಳಗೆ ಹೊರಗೆ ಸರಿಸುವ ಎರಡು ಎಕ್ಸೆಂಟ್ರಿಕ್ ಬೋಲ್ಟ್ ಇರುತ್ತವೆ. ಎರಡನ್ನೂ ಸಮನಾಗಿ ತಿರುಗಿಸಿದರೆ ಕ್ಯಾಂಬರ್, ಒಂದನ್ನೇ ತಿರುಗಿಸಿದರೆ ಟೋ. ನನಗೆ ಗೊತ್ತಿಲ್ಲದ ಮಾತೇನಲ್ಲ. ಆದರೆ ಕತ್ತಲಾಗುತ್ತಿತ್ತು, ಹಸಿವಾಗಿತ್ತು. ಕೈಗೆ ಸಿಕ್ಕಿದ ಒಂದು ಬೋಲ್ಟು ಜಾಸ್ತಿ, ಇನ್ನೊಂದು ಕಡಿಮೆ ತಿರುಗಿಸಿ, ಕ್ಯಾಂಬರ್ ಗೇಜು ಮಾತ್ರ ಹಿಡಿದು ನೋಡಿ, ಆಯ್ತು ಅಂದುಬಿಟ್ಟೆ. ಟೋ ಮತ್ತೆ ಅಳೆಯಲೇ ಇಲ್ಲ.

ಮರುದಿನ ಆರೆಂಬರ್ಗ್ ಅನ್ನುವ ತಿರುವಿಗೆ ಮುಂಚೆ ಜೋರಾಗಿ ಬ್ರೇಕ್ ಹಾಕಿದಾಗ ಕಾರಿನ ಬಾಲ ತಪ್ಪಿತು. ಒಂದು ಸುತ್ತು ತಿರುಗಿ ಜಲ್ಲಿಯಲ್ಲಿ ಹೋಗಿ ನಿಂತಿತು. ಅವನಿಗೂ ಏನೂ ಆಗಲಿಲ್ಲ, ಕಾರಿಗೂ ಏನೂ ಆಗಲಿಲ್ಲ, ದೇವರು ದೊಡ್ಡವನು. ವಾಪಸ್ ತಂದು ಅಳೆದರೆ ಹಿಂದಿನ ಎಡಗಾಲಿ ಮೂರು ಮಿಲಿಮೀಟರು ಟೋ ಔಟ್. ಹಿಂದಿನ ಗಾಲಿ ಹೊರಗೆ ನೋಡುತ್ತಿದ್ದರೆ, ಭಾರ ಮುಂದಕ್ಕೆ ಹೋದ ಕ್ಷಣ ಅದು ತನ್ನ ದಾರಿ ಹಿಡಿಯುತ್ತದೆ. ಜೋಡೆತ್ತಿನಲ್ಲಿ ಒಂದು ಬದುವಿನ ಕಡೆ ಎಳೆದರೆ ಚಕ್ಕಡಿ ಏನಾಗುತ್ತದೆ? ಅದೇ. ಗ್ಯಾರೇಜಿನ ಮಾಲೀಕ ಬೈಯಲಿಲ್ಲ. ಅಳತೆ ಬರೆಯುವ ಹಾಳೆ ತಂದು ಮುಂದಿಟ್ಟ, ಟೋ ಬರೆಯುವ ಜಾಗ ಖಾಲಿ ಇತ್ತು. ಬೈದಿದ್ದರೇ ಚೆನ್ನಾಗಿತ್ತು.

ಹಾಗಾಗಿ ಕ್ರಮ ಮುಖ್ಯ. ಮೊದಲು ಬುಷ್, ಬಾಲ್ ಜಾಯಿಂಟ್, ಬೇರಿಂಗ್ ಎಲ್ಲ ಅಲ್ಲಾಡಿಸಿ ನೋಡು. ಪ್ಲೇ, ಅಂದರೆ ಸಡಿಲ, ಇದ್ದರೆ ಅಳತೆ ತೆಗೆಯುವುದೇ ದಂಡ. ಆಮೇಲೆ ಟೈರಿಗೆ ಗಾಳಿ, ಆಮೇಲೆ ಕಾರಿನ ಎತ್ತರ. ಎತ್ತರ ಬದಲಾದರೆ ಕ್ಯಾಂಬರೂ ಟೋನೂ ಎರಡೂ ಬದಲಾಗುತ್ತವೆ. ಆಮೇಲೆ ಕ್ಯಾಸ್ಟರ್, ಕ್ಯಾಂಬರ್. ಟೋ ಯಾವತ್ತೂ ಕಟ್ಟಕಡೆಗೆ. ಅದಾದ ಮೇಲೆ ಯಾವ ಬೋಲ್ಟು ಮುಟ್ಟಿದರೂ ಮತ್ತೆ ಟೋ ಅಳೆಯಬೇಕು. ಕ್ಯಾಸ್ಟರ್ ಬಗ್ಗೆ ನೀನು ತಲೆ ಕೆಡಿಸಿಕೊಳ್ಳಬೇಡ. ಸೈಕಲ್ಲಿನ ಮುಂದಿನ ಫೋರ್ಕ್ ಹಿಂದಕ್ಕೆ ವಾಲಿರುತ್ತದಲ್ಲ, ಆ ಓರೆಯೇ ಕ್ಯಾಸ್ಟರ್, ಕೈ ಬಿಟ್ಟರೂ ನೆಟ್ಟಗೆ ಹೋಗುವುದು ಅದರಿಂದ. ಆ ಹುಡುಗನ ಕಾರಿನಲ್ಲಿ ಅದನ್ನು ಬದಲಿಸಲು ಸುಲಭದ ದಾರಿ ಇರುವುದಿಲ್ಲ.

ಇನ್ನೊಂದು ಮಾತು, ಸೀಟಿನಲ್ಲಿ ಡ್ರೈವರ್ ಭಾರ ಇರಲೇಬೇಕು. ನಾವು ಮರಳಿನ ಚೀಲ ಇಡುತ್ತೇವೆ. ನೀನು 50 ಕೆಜಿಯ ಒಂದು ಸಿಮೆಂಟ್ ಚೀಲ, ಅದರ ಮೇಲೆ 25 ಕೆಜಿಯ ಅಕ್ಕಿ ಚೀಲ ಇಟ್ಟರೆ ಆಯಿತು. ಬ್ಯಾಡಗಿ ಮೆಣಸಿನಕಾಯಿ ಚೀಲ ಇಡಲು ಹೋಗಬೇಡ ಮತ್ತೆ. 75 ಕೆಜಿ ಆಗಬೇಕಾದರೆ ಕಾರೇ ತುಂಬುತ್ತದೆ, ಗಿರಾಕಿ ಕೊಯಮತ್ತೂರಿನವರೆಗೂ ಸೀನುತ್ತಾ ಹೋಗುತ್ತಾನೆ.

ಈಗ ಅಪ್ಪನಿಗೆ ಖುಷಿ ಕೊಡುವ ಮಾತು. ಟ್ರ್ಯಾಕಿನ ಪಕ್ಕ ನಾವು ಟೋ ಅಳೆಯುವುದು ಹುರಿ ಕಟ್ಟಿ! ದೊಡ್ಡ ದೊಡ್ಡ ಟೀಮುಗಳೂ ಹಾಗೇ ಮಾಡುತ್ತವೆ. ಇವರದು ಮೀನು ಹಿಡಿಯುವ ನೈಲಾನ್ ದಾರ, ಅಪ್ಪನದು ನೂಲಿನ ಹುರಿ, ಅಷ್ಟೇ ವ್ಯತ್ಯಾಸ. ಕಾರಿನ ಎರಡೂ ಬದಿಗೆ ಸ್ಟ್ಯಾಂಡು ಇಟ್ಟು, ಗಾಲಿಯ ನಡುಮಟ್ಟಕ್ಕೆ ಎರಡು ಹುರಿ ಎಳೆಯುತ್ತೇವೆ. ಮುಂದಿನ ಎರಡು ಗಾಲಿಯ ಅಂತರ, ಹಿಂದಿನ ಎರಡು ಗಾಲಿಯ ಅಂತರ ಒಂದೇ ಇರುವುದಿಲ್ಲ, ಅದಕ್ಕೇ ಹುರಿ ಟೈರಿಗೆ ತಾಗಿಸಿ ಕಟ್ಟಬಾರದು. ಮುಂದಿನ ಹಬ್ಬಿನ ನಡುವಿನಿಂದ ಹುರಿ ಎಡಕ್ಕೂ ಬಲಕ್ಕೂ ಒಂದೇ ದೂರ ಇರಬೇಕು. ಹಿಂದೆಯೂ ಹಾಗೇ. ಎರಡು ಹುರಿಯ ನಡುವಿನ ಅಗಲ ಮುಂದೆಷ್ಟೋ ಹಿಂದೆಯೂ ಅಷ್ಟೇ ಇರಬೇಕು. ಆಮೇಲೆ ಸ್ಟೇರಿಂಗ್ ನೆಟ್ಟಗೆ ಕಟ್ಟಿಹಾಕಿ, ಹುರಿಯಿಂದ ರಿಮ್ಮಿನ ಮುಂದಿನ ಅಂಚಿಗೆ ಎಷ್ಟು, ಹಿಂದಿನ ಅಂಚಿಗೆ ಎಷ್ಟು ಅಂತ ಮಿಲಿಮೀಟರಿನಲ್ಲಿ ಅಳೆ. ಮುಂದೆ 81, ಹಿಂದೆ 80 ಬಂದರೆ ಒಂದು ಮಿಲಿಮೀಟರು ಟೋ ಇನ್. ತಿರುಗುಮುರುಗಾದರೆ ಟೋ ಔಟ್. 15 ಇಂಚಿನ ರಿಮ್ಮಿನಲ್ಲಿ ಒಂದು ಮಿಲಿಮೀಟರು ಅಂದರೆ ಸುಮಾರು ಎಂಟೊಂಬತ್ತು ಮಿನಿಟು. 60 ಮಿನಿಟಿಗೆ ಒಂದು ಡಿಗ್ರಿ, ಇದು ಶಾಲೆಯಲ್ಲಿ ಕಲಿತದ್ದೇ.

ಅಳೆಯುವಾಗ ಹುರಿ ಮುಟ್ಟಬೇಡ. ಸಣ್ಣವರಿದ್ದಾಗ ನಾನು ಮುಟ್ಟಿದ್ದಕ್ಕೆ ಅಪ್ಪ ಪಾನಾ ತೋರಿಸಿ ಹೆದರಿಸಿದ್ದರು. ಇಲ್ಲಿ ಹೊಸದಾಗಿ ಬಂದ ಹುಡುಗನಿಗೆ ನಾನೂ ಅದನ್ನೇ ಮಾಡಿದೆ, ಕನ್ನಡದಲ್ಲೇ ಬೈದೆ ಕೂಡ.

ಇಷ್ಟೆಲ್ಲ ಮಾಡಿದ ಮೇಲೂ ಸರಿಯಾಯಿತೋ ಇಲ್ಲವೋ ಹೇಳುವುದು ಟೈರು. ಕಾರು ಒಳಗೆ ಬಂದ ಕೂಡಲೇ ಸೂಜಿಯಿರುವ ಥರ್ಮಾಮೀಟರನ್ನು ರಬ್ಬರಿಗೆ ಚುಚ್ಚಿ ಒಳ ಅಂಚು, ನಡು, ಹೊರ ಅಂಚು ಮೂರೂ ಕಡೆ ಬಿಸಿ ನೋಡುತ್ತೇವೆ. ಒಳ ಅಂಚು ಹೊರಗಿಗಿಂತ ಐದರಿಂದ ಹತ್ತು ಡಿಗ್ರಿ ಜಾಸ್ತಿ ಬಿಸಿಯಿದ್ದರೆ ಕ್ಯಾಂಬರ್ ಸರಿಯಿದೆ. ಹೊರ ಅಂಚೇ ಬಿಸಿಯಾಗಿದ್ದರೆ ಕ್ಯಾಂಬರ್ ಸಾಲದು. ನಡು ಮಾತ್ರ ಬಿಸಿಯಾಗಿದ್ದರೆ ಗಾಳಿ ಜಾಸ್ತಿ, ಎರಡೂ ಅಂಚು ಬಿಸಿಯಾಗಿದ್ದರೆ ಗಾಳಿ ಕಡಿಮೆ. ತಮಾಷೆ ಏನು ಅಂದರೆ ನಮ್ಮ ಉತ್ತರದ ಸುತ್ತಿನಲ್ಲಿ ಈ ಲೆಕ್ಕ ಸರಿಯಾಗಿ ಬರುವುದಿಲ್ಲ. ಹೊರಗೆ ಬರುವ ದಾರಿ ಉದ್ದನೆಯ ನೇರ ರಸ್ತೆಯಲ್ಲಿದೆ. ಅಲ್ಲಿ ಬರುವಷ್ಟರಲ್ಲಿ ಟೈರಿನ ಬಿಸಿ ಎಲ್ಲ ಕಡೆ ಒಂದೇ ಆಗಿಬಿಡುತ್ತದೆ. ಅದಕ್ಕೇ ಪಕ್ಕದ 5.1 ಕಿಲೋಮೀಟರಿನ ಸಣ್ಣ ಟ್ರ್ಯಾಕಿನಲ್ಲಿ ಅಳೆಯುತ್ತೇವೆ. ಮಸಾಲೆ ಹುರಿಯುವ ಅಂಗಡಿಯವರ ಹತ್ತಿರ ಇರುತ್ತದಲ್ಲ, ಕೆಂಪು ಬೆಳಕು ಬಿಡುವ ಗನ್ನು, ಅದು ಬೇಡ. ಅದು ಮೇಲಿನ ಪದರ ಮಾತ್ರ ನೋಡುತ್ತದೆ, ಆ ಪದರ ಬೇಗ ಆರುತ್ತದೆ.

ಹುಬ್ಬಳ್ಳಿ ಹುಡುಗನಿಗೆ ಹೀಗೆ ಮಾಡು. ಅವನದು ಮುಂದಿನ ಗಾಲಿ ಎಳೆಯುವ ಕಾರು. ಮೇಲೆ ಕ್ಯಾಂಬರ್ ಬದಲಿಸಲು ಬರುವ ಕ್ಯಾಂಬರ್ ಪ್ಲೇಟ್ ಹಾಕಿಸಿಕೊಂಡಿದ್ದರೆ ಮುಂದೆ ಎರಡು ಡಿಗ್ರಿ ಕೊಡು, ಮೊದಲ ಸಲಕ್ಕೆ ಅಷ್ಟು ಸಾಕು. ಹಾಕಿಸಿಲ್ಲ ಅಂದರೆ ಸುತ್ತಿಗೆ ಹಿಡಿಯಬೇಡ, ಇದ್ದದ್ದು ಇರಲಿ. ಹಿಂದಿನದನ್ನು ಮುಟ್ಟಲೇಬೇಡ, ಯಾರು ಏನೇ ಹೇಳಲಿ. ಹಿಂದೆ ಟೋ ಔಟ್ ಕೊಟ್ಟರೆ ಕಾರು ಚುರುಕಾಗುತ್ತದೆ ಅಂತ ಅವನು ಎಲ್ಲೋ ಓದಿರುತ್ತಾನೆ. ಚುರುಕಾಗುವುದು ನಿಜ. ಮೊದಲ ಸಲ ಟ್ರ್ಯಾಕಿಗೆ ಹೋಗುವವನಿಗೆ ಆ ಚುರುಕು ಬೇಡ. ಮುಂದೆ ಒಂದೊಂದು ಗಾಲಿಗೆ ಒಂದು ಮಿಲಿಮೀಟರು ಟೋ ಔಟ್ ಕೊಟ್ಟರೆ ತಿರುವಿಗೆ ಬೇಗ ಒಳಗೆ ಬರುತ್ತದೆ. ಆದರೆ ಅದನ್ನು ಇಟ್ಟುಕೊಂಡು ಹುಬ್ಬಳ್ಳಿಯಿಂದ ಕೊಯಮತ್ತೂರಿಗೆ ಏಳುನೂರು ಕಿಲೋಮೀಟರಿಗೂ ಜಾಸ್ತಿ ಹೈವೇ ಓಡಿದರೆ ಟೈರಿನ ಒಳ ಅಂಚು ಬೇಗ ಸವೆಯುತ್ತದೆ, ಸ್ಟೇರಿಂಗೂ ಅಲೆದಾಡುತ್ತದೆ. ಹಾಗಾಗಿ ನಮ್ಮ ಶೆಡ್ಡಿನಿಂದ ಸೊನ್ನೆ ಟೋ ಇಟ್ಟು ಕಳಿಸು. ಸ್ಟೇರಿಂಗಿನಿಂದ ಗಾಲಿಗೆ ಹೋಗುವ ಟೈ ರಾಡಿಗೆ ಪೇಂಟಿನಿಂದ ಗುರುತು ಹಾಕು. ಅಲ್ಲಿ ಹೋದ ಮೇಲೆ ಎಷ್ಟು ಸುತ್ತು, ಯಾವ ಕಡೆ ತಿರುಗಿಸಬೇಕು ಅಂತ ಶೆಡ್ಡಿನಲ್ಲೇ ಮಾಡಿ ನೋಡಿ ಚೀಟಿ ಬರೆದುಕೊಡು. ವಾಪಸ್ ಬರುವಾಗ ಅಷ್ಟೇ ಸುತ್ತು ಹಿಂದಕ್ಕೆ.

ಈಗ ಮಷೀನಿನ ಮಾತು. ನಮ್ಮ ಶೆಡ್ಡಿನ ನೆಲ ನೀನೇ ನೋಡಿದ್ದೀಯ. ಮಳೆ ನೀರು ಯಾವ ಮೂಲೆಯಲ್ಲಿ ನಿಲ್ಲುತ್ತದೆ ಅಂತ ನನಗೆ ಇಲ್ಲಿಂದಲೇ ಗೊತ್ತು. ಒಂದು ಗಾಲಿಯ ಕೆಳಗೆ ಮೂರು ಮಿಲಿಮೀಟರು ತಗ್ಗಿದ್ದರೂ ಕ್ಯಾಂಬರ್ ಅಳತೆಯಲ್ಲಿ ಡಿಗ್ರಿಯ ಹತ್ತನೇ ಒಂದು ಪಾಲು ತಪ್ಪು ಬರುತ್ತದೆ. ನಿನ್ನ ನೆಲದಲ್ಲಿ ತಗ್ಗು ಮೂರಲ್ಲ, ಮೂವತ್ತು. ಅದರ ಮೇಲೆ ಎಷ್ಟು ಲಕ್ಷದ ಮಷೀನು ತಂದಿಟ್ಟರೂ ಅದು ಸುಮ್ನೆ ಸುಳ್ಳನ್ನು ಬಣ್ಣದಲ್ಲಿ ಪ್ರಿಂಟ್ ಮಾಡುತ್ತದೆ. ಗೌಂಡಿ ಕರೆಸು, ನೀರಿನ ಪೈಪ್ ಹಿಡಿದು ನಾಲ್ಕು ಗಾಲಿ ನಿಲ್ಲುವ ಜಾಗವನ್ನಾದರೂ ಒಂದೇ ಮಟ್ಟಕ್ಕೆ ಕಾಂಕ್ರೀಟ್ ಹಾಕಿಸು. ಅದಕ್ಕೆ ದುಡ್ಡು ನಾನು ಕಳಿಸುತ್ತೇನೆ. ಗಾಲಿಯ ಕೆಳಗೆ ಎರಡೆರಡು ನಯವಾದ ತಗಡು, ನಡುವೆ ಗ್ರೀಸು ಹಚ್ಚಿ ಇಡು. ಜಾಕಿನಿಂದ ಇಳಿಸಿದ ಮೇಲೆ ಟೈರು ನೆಲ ಕಚ್ಚಿಕೊಂಡು ಅಳತೆ ಕೆಡಿಸುವುದು ಅದರಿಂದ ತಪ್ಪುತ್ತದೆ. ಒಂದು ವರ್ಷ ಹೀಗೆ ನಡೆಸು. ರಸ್ತೆ ಕಾರುಗಳು ದಿನಕ್ಕೆ ನಾಲ್ಕೈದು ಬರತೊಡಗಿದರೆ ಆಗ ಮಷೀನಿನ ಮಾತು ಆಡೋಣ. ರೇಸಿನವರನ್ನು ನಂಬಿ ಸಾಲ ಬೇಡ. ಹಾವೇರಿಯಲ್ಲಿ ಅಂಥವರು ವರ್ಷಕ್ಕೆ ಎಷ್ಟು ಜನ ಬಂದಾರು, ನೀನೇ ಹೇಳು.

ಅವ್ವನಿಗೆ ಹೇಳು, ಬರುವಾಗ ಕೊಟ್ಟ ಏಲಕ್ಕಿ ಹಾರವನ್ನು ಟೂಲ್ ಬಾಕ್ಸಿನ ಮೇಲೆ ಹಾಕಿದ್ದೇನೆ. ಆಯುಧ ಪೂಜೆಯ ದಿನ ಅದನ್ನು ಲಿಫ್ಟಿಗೆ ಹಾಕಿ ಕುಂಕುಮ ಹಚ್ಚಿದೆ, ಎಲ್ಲರಿಗೂ ಬೆಲ್ಲ ಕೊಟ್ಟೆ. ಈಗಲೂ ಡ್ರಾ ಎಳೆದರೆ ಗ್ರೀಸಿನ ಜೊತೆ ಏಲಕ್ಕಿ ವಾಸನೆ ಬರುತ್ತದೆ. ಅಕ್ಕನ ಮಗಳ ಪರೀಕ್ಷೆ ಹೇಗಾಯಿತು ಬರೆ. ಅಪ್ಪನ ಮಂಡಿ ನೋವಿಗೆ ಇಲ್ಲಿಂದ ಒಂದು ಪಟ್ಟಿ ಕಳಿಸಿದ್ದೇನೆ, ಕಟ್ಟಿಕೊಳ್ಳುತ್ತಾರೋ ಕಪಾಟಿನಲ್ಲಿ ಇಡುತ್ತಾರೋ ಅಂತಲೂ ಬರೆ.

ಇತಿ ನಿನ್ನ ಅಣ್ಣ.

ತಾ.ಕ.: ಅಪ್ಪನ ಹಳೇ ಸ್ಟೀಲ್ ಸ್ಕೇಲಿನಲ್ಲೇ ಅಳೆಯುವುದಾದರೆ ಅದರ ತುದಿ ಸವೆದಿದೆ, ನೋಡಿಕೋ. ಸೊನ್ನೆಯಿಂದ ಹಿಡಿಯಬೇಡ. 10ರಿಂದ ಹಿಡಿದು ಆಮೇಲೆ ಹತ್ತು ಕಳೆ.